ಓದುಗರ ಪ್ರಶ್ನೆಗಳು: ಬ್ಯೂರೋ ಮೂಲಕ ಭಾಷಣಕಾರರನ್ನು ಕರೆಸುವ ಮುನ್ನ

ವಾರ್ಷಿಕೋತ್ಸವ, ಬೆಳ್ಳಿಹಬ್ಬ, ಸಿಬ್ಬಂದಿ ತರಬೇತಿ ಮುಂತಾದ ಕಾರ್ಯಕ್ರಮಗಳಿಗೆ ವೃತ್ತಿಪರ ಭಾಷಣಕಾರರನ್ನು ಒದಗಿಸಿಕೊಡುವ ಸ್ಪೀಕರ್ಸ್ ಬ್ಯೂರೋಗಳ ಜೊತೆ ವ್ಯವಹರಿಸುವುದು ಹೇಗೆಂದು ಕೇಳಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಲ ಉತ್ತರಿಸಲಾಗಿದೆ.

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ಮತ್ತು ಮಷೀನ್ ಶಾಪ್ ನಡೆಸುವವರೆಲ್ಲ ಸೇರಿ ಕಟ್ಟಿಕೊಂಡ ನಮ್ಮ ಸಂಘಕ್ಕೆ ಬೆಳ್ಳಿಹಬ್ಬ. ಮುಂಬೈನ ಬ್ಯೂರೋವೊಂದು ಹೆಸರಾಂತ ಭಾಷಣಕಾರರೊಬ್ಬರಿಗೆ ಎರಡೂವರೆ ಲಕ್ಷ ರೂಪಾಯಿ ಹೇಳಿದೆ. ಆ ಭಾಷಣಕಾರರ ಮೊಬೈಲ್ ನಂಬರ್ ನಮ್ಮ ಸದಸ್ಯರೊಬ್ಬರ ಬಳಿಯೇ ಇದೆ. ನೇರವಾಗಿ ಮಾತಾಡಿದರೆ ದಲ್ಲಾಳಿಯ ಹಣ ಉಳಿಯುವುದಿಲ್ಲವೇ?
— ಸಂಘದ ಕಾರ್ಯದರ್ಶಿ, ಬೆಳಗಾವಿ

ಉತ್ತರ: ಉಳಿಯಬಹುದು, ಆದರೆ ನೀವು ಲೆಕ್ಕ ಹಾಕಿಕೊಂಡಿರುವ ರೀತಿಯಲ್ಲಿ ಅಲ್ಲ. ಬ್ಯೂರೋಗಳ ಸಾಮಾನ್ಯ ಪದ್ಧತಿಯೆಂದರೆ ಭಾಷಣಕಾರರು ತಮ್ಮ ಸಂಭಾವನೆಯನ್ನು ಮೊದಲೇ ನಿಗದಿಪಡಿಸಿರುತ್ತಾರೆ, ಅದರೊಳಗಿನಿಂದಲೇ ಶೇಕಡಾ 20ರಿಂದ 30ರಷ್ಟನ್ನು ಬ್ಯೂರೋ ತನ್ನ ಕಮಿಷನ್ ಆಗಿ ಇಟ್ಟುಕೊಳ್ಳುತ್ತದೆ. ಅಂದರೆ ಆ ಹೊರೆ ಬೀಳುವುದು ಭಾಷಣಕಾರರ ಮೇಲೆಯೇ ಹೊರತು ನಿಮ್ಮ ಮೇಲಲ್ಲ. ತಮ್ಮ ದರದ ಹೆಸರು ಕೆಡದಂತೆ ನೋಡಿಕೊಳ್ಳುವ ಭಾಷಣಕಾರರು ನೇರವಾಗಿ ಕೇಳಿದವರಿಗೂ ಅದೇ ಮೊತ್ತವನ್ನು ಹೇಳುತ್ತಾರೆ. ಯಾವುದಾದರೊಂದು ಬ್ಯೂರೋ ಜೊತೆ ಏಕಮಾತ್ರ ಪ್ರಾತಿನಿಧ್ಯದ ಒಪ್ಪಂದ ಮಾಡಿಕೊಂಡವರಂತೂ ನಿಮ್ಮ ಫೋನ್ ಕರೆಯನ್ನು ವಿನಯದಿಂದಲೇ ಆ ಬ್ಯೂರೋಗೆ ದಾಟಿಸಿಬಿಡುತ್ತಾರೆ.

ಎಚ್ಚರ ಬೇಕಾದ ಸಂದರ್ಭ ಬೇರೆಯೇ ಇದೆ. ಬಹಳಷ್ಟು ಬ್ಯೂರೋಗಳಿಗೆ ತಮ್ಮ ಪಟ್ಟಿಯಲ್ಲಿರುವ ಎಲ್ಲರ ಮೇಲೂ ಹಕ್ಕಿರುವುದಿಲ್ಲ. ಅವರ ಭಾವಚಿತ್ರ ಮತ್ತು ಪರಿಚಯ ಹಾಕಿಕೊಂಡಿರುತ್ತವೆ, ವಿಚಾರಣೆ ಬಂದ ಮೇಲೆ ಭಾಷಣಕಾರರನ್ನೋ ಅವರ ಅಧಿಕೃತ ಬ್ಯೂರೋವನ್ನೋ ಸಂಪರ್ಕಿಸಿ, ಬಂದ ದರದ ಮೇಲೆ ತಮ್ಮದೊಂದಿಷ್ಟನ್ನು ಸೇರಿಸಿ ನಿಮಗೆ ಹೇಳುತ್ತವೆ. ಒಬ್ಬರೇ ಭಾಷಣಕಾರರಿಗೆ ಎರಡು ಕಡೆಯಿಂದ ಎರಡು ದರ ಬರುವುದು ಹೀಗೆ. ಆದ್ದರಿಂದ ಮೊದಲ ಮಾತುಕತೆಯಲ್ಲೇ ಇವರ ಅಧಿಕೃತ ಪ್ರತಿನಿಧಿ ನೀವೇ ಹೌದೇ, ಹಿಂದೆ ಇವರನ್ನು ನೀವೇ ಯಾವ ಕಾರ್ಯಕ್ರಮಗಳಿಗೆ ಕರೆಸಿದ್ದೀರಿ, ನೀವು ಹೇಳಿದ ಮೊತ್ತದಲ್ಲಿ ಸಂಭಾವನೆ ಎಷ್ಟು, ನಿಮ್ಮ ಸೇವಾ ಶುಲ್ಕ ಎಷ್ಟು ಎಂದು ಕೇಳಿರಿ. ಇದನ್ನು ಕೇಳಲು ಸಂಕೋಚಪಡಬೇಕಿಲ್ಲ. ವ್ಯವಸ್ಥಿತವಾಗಿ ನಡೆಯುವ ಬ್ಯೂರೋಗೆ ಇದು ದಿನನಿತ್ಯದ ಪ್ರಶ್ನೆ, ಉತ್ತರಿಸಲು ತಡವರಿಸುವ ಕಡೆ ಮುಂಗಡ ಕಳುಹಿಸಬೇಡಿರಿ.

ಇನ್ನೊಂದನ್ನು ನೀವು ಕೇಳಿಲ್ಲವಾದರೂ ಹೇಳಲೇಬೇಕು. ನಿಮ್ಮ ಸಭೆಯಲ್ಲಿ ಕೂರುವವರು ಯಾರು? ಮಾಲೀಕರು ಮಾತ್ರವೇ, ಅಥವಾ ಅವರ ಜೊತೆ ಮೇಲ್ವಿಚಾರಕರು, ಮೋಲ್ಡರ್‌ಗಳು, ಟರ್ನರ್‌ಗಳು ಮತ್ತು ಅವರ ಮನೆಯವರೂ ಬರುವರೇ? ಬೆಳಗಾವಿಯ ಇಂಥ ಸಭೆಯಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಇರುತ್ತವೆ. ಬ್ಯೂರೋ ಕಳುಹಿಸುವ ವಿಡಿಯೋ ತುಣುಕುಗಳು ಬಹುತೇಕ ಮಹಾನಗರದ ಹೋಟೆಲ್ ಸಭಾಂಗಣಗಳಲ್ಲಿ, ಇಂಗ್ಲಿಷ್ ಬಲ್ಲ ಶ್ರೋತೃಗಳ ಮುಂದೆ ಚಿತ್ರಿಸಿದಂಥವು. ಜೊತೆಗೆ ಅವು ಚಪ್ಪಾಳೆ ಬಿದ್ದ ಕಡೆಗಳನ್ನೇ ಆರಿಸಿ ಜೋಡಿಸಿದಂಥವು. ಕತ್ತರಿಸದ, ಕನಿಷ್ಠ ಇಪ್ಪತ್ತು ನಿಮಿಷಗಳ ಒಂದೇ ಓಟದ ವಿಡಿಯೋ ಕೇಳಿರಿ, ಸಾಧ್ಯವಾದರೆ ಕಾರ್ಮಿಕರ ಅಥವಾ ಸಣ್ಣ ಉದ್ಯಮಿಗಳ ಸಭೆಯದು. ಕರಾರಿಗೆ ಸಹಿ ಹಾಕುವ ಮೊದಲು ಭಾಷಣಕಾರರ ಜೊತೆ ಹದಿನೈದು ನಿಮಿಷ ಫೋನಿನಲ್ಲಿ ಮಾತನಾಡಲು ಅವಕಾಶ ಬೇಕೆಂದು ಪಟ್ಟು ಹಿಡಿಯಿರಿ. ಆ ಮಾತಿನಲ್ಲಿ ಅವರು ನಿಮ್ಮ ಉದ್ಯಮದ ಬಗ್ಗೆ ಎಷ್ಟು ಪ್ರಶ್ನೆ ಕೇಳುತ್ತಾರೆ ಎಂಬುದೇ ಅವರ ಹೆಸರಿಗಿಂತ ಒಳ್ಳೆಯ ಸಾಕ್ಷಿ. ಒಂದೂ ಪ್ರಶ್ನೆ ಕೇಳದವರು ಹೋದಲ್ಲೆಲ್ಲ ಹೇಳುವ ಭಾಷಣವನ್ನೇ ಉದ್ಯಮಬಾಗದಲ್ಲಿಯೂ ಹೇಳಿ ಹೋಗುತ್ತಾರೆಂದು ತಿಳಿಯಬಹುದು. ಬ್ಯೂರೋ ನಿಮಗೆ ಕೊಡಬಲ್ಲದ್ದು ದಿನಾಂಕ, ಕರಾರು ಮತ್ತು ಹೊಣೆಗಾರಿಕೆ. ಭಾಷಣ ನಿಮ್ಮ ಜನಕ್ಕೆ ತಟ್ಟುವಂತೆ ಮಾಡುವ ಕೆಲಸ ನಿಮ್ಮದೂ ಭಾಷಣಕಾರರದೂ.

ಊರಿನ ಪ್ರಾಧ್ಯಾಪಕರನ್ನೋ ಧಾರವಾಡದ ಸಾಹಿತಿಗಳನ್ನೋ ಕರೆಸುವುದಿದ್ದರೆ ಬ್ಯೂರೋದ ಗೊಡವೆಯೇ ಬೇಡ, ಮನೆಗೆ ಹೋಗಿ ಆಮಂತ್ರಿಸುವುದೇ ಸರಿ.

ಪ್ರಶ್ನೆ: ನಮ್ಮ ಪತ್ತಿನ ಸಹಕಾರಿ ಸಂಘದ ಸಮಾರಂಭಕ್ಕೆ ಬೆಂಗಳೂರಿನ ಬ್ಯೂರೋ ಮೂಲಕ ಭಾಷಣಕಾರರನ್ನು ಗೊತ್ತು ಮಾಡಿದ್ದೇವೆ. ಅರ್ಧ ಹಣ ಈಗಲೇ, ಉಳಿದರ್ಧ ಕಾರ್ಯಕ್ರಮಕ್ಕೆ ಮೊದಲೇ ಎನ್ನುತ್ತಾರೆ. ಭಾಷಣವಾದ ಮೇಲೆ ಕೊಡುತ್ತೇವೆಂದರೆ ಒಪ್ಪುತ್ತಿಲ್ಲ. ಕರಾರು ಇಂಗ್ಲಿಷಿನಲ್ಲಿ ಆರು ಪುಟವಿದೆ. ಯಾವುದನ್ನು ನೋಡಬೇಕು?
— ವ್ಯವಸ್ಥಾಪಕರು, ಬಾಗಲಕೋಟೆ

ಉತ್ತರ: ಸಹಿಗೆ ಅರ್ಧ, ಕಾರ್ಯಕ್ರಮಕ್ಕೆ ಮೊದಲು ಉಳಿದರ್ಧ ಎಂಬುದು ಈ ವೃತ್ತಿಯಲ್ಲಿ ಎಲ್ಲೆಡೆ ಇರುವ ರೂಢಿ, ನಿಮ್ಮ ಮೇಲೆ ಅಪನಂಬಿಕೆಯೆಂದು ಭಾವಿಸಬೇಕಿಲ್ಲ. ಭಾಷಣಕಾರರು ಆ ದಿನವನ್ನು ನಿಮಗಾಗಿ ಕಾದಿರಿಸಿ ಬೇರೆಯವರಿಗೆ ಇಲ್ಲವೆಂದಿರುತ್ತಾರೆ. ದಿನಾಂಕವನ್ನು ತಾತ್ಕಾಲಿಕವಾಗಿ ಹಿಡಿದಿಡುವುದು ಬೇರೆ, ಖಚಿತಪಡಿಸುವುದು ಬೇರೆ ಎಂಬುದನ್ನು ಮಾತ್ರ ನಿಮ್ಮ ಆಡಳಿತ ಮಂಡಳಿಗೆ ತಿಳಿಸಿರಿ. ತಾತ್ಕಾಲಿಕ ಹಿಡಿತಕ್ಕೆ ಹಣವಿಲ್ಲ, ಬೇರೆಯವರು ಖಚಿತವಾಗಿ ಕೇಳಿದರೆ ಒಂದೆರಡು ದಿನಗಳಲ್ಲಿ ನೀವು ಹೌದು ಅಥವಾ ಇಲ್ಲ ಎನ್ನಬೇಕಾಗುತ್ತದೆ. ಸಹಿಯಾಗಿ ಮುಂಗಡ ಸಂದಾಯವಾಗದ ಹೊರತು ಭಾಷಣಕಾರರ ಹೆಸರನ್ನು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಡಿರಿ.

ಆರು ಪುಟಗಳಲ್ಲಿ ನಾಲ್ಕೈದು ಕಡೆ ಬೆರಳಿಟ್ಟು ಓದಿದರೆ ಸಾಕು. ಮೊದಲನೆಯದು ರದ್ದತಿ. ನೀವು ರದ್ದುಪಡಿಸಿದರೆ ಎಷ್ಟು ದಿನ ಮೊದಲಾದರೆ ಎಷ್ಟು ಹಣ ಹೋಗುತ್ತದೆ ಎಂಬುದನ್ನು ಎಲ್ಲ ಕರಾರುಗಳೂ ವಿವರವಾಗಿ ಬರೆದಿರುತ್ತವೆ. ಅವರೇ ಬಾರದಿದ್ದರೆ ಏನು ಎಂಬುದು ಒಂದು ಸಾಲಿನಲ್ಲಿ ಮುಗಿದಿರುತ್ತದೆ. ಆ ಸಾಲನ್ನು ಹಿಗ್ಗಿಸುವಂತೆ ಕೇಳಿರಿ: ಮುಂಗಡ ಪೂರ್ತಿ ಎಷ್ಟು ದಿನಗಳೊಳಗೆ ಮರಳಬೇಕು, ಸಮಾನ ದರ್ಜೆಯ ಬದಲಿ ಭಾಷಣಕಾರರನ್ನು ಬ್ಯೂರೋ ಸೂಚಿಸಿದರೆ ಒಪ್ಪುವ ಅಥವಾ ನಿರಾಕರಿಸುವ ಹಕ್ಕು ನಿಮಗಿರಬೇಕು. ಬ್ಯೂರೋ ಮೂಲಕ ಹೋಗುವುದರ ದೊಡ್ಡ ಪ್ರಯೋಜನವೇ ಈ ಬದಲಿ ವ್ಯವಸ್ಥೆ. ಅದು ಕರಾರಿನಲ್ಲಿ ಇಲ್ಲವೆಂದಾದರೆ ನೀವು ಅವರಿಗೆ ಕೊಡುತ್ತಿರುವುದು ಯಾತಕ್ಕೆಂದು ಕೇಳಬಹುದು.

ಎರಡನೆಯದು ಪ್ರಯಾಣ. ‘ಪ್ರಯಾಣ ಮತ್ತು ವಸತಿ ಪ್ರತ್ಯೇಕ’ ಎಂಬ ನಾಲ್ಕು ಪದಗಳೊಳಗೆ ಬಿಸಿನೆಸ್ ಕ್ಲಾಸ್ ಟಿಕೆಟು, ಜೊತೆಗೆ ಬರುವ ಸಹಾಯಕರ ಟಿಕೆಟು, ಎರಡು ಕೋಣೆ, ದಿನವಿಡೀ ಕಾರು ಎಲ್ಲವೂ ಅಡಗಿರಬಹುದು. ಬೆಂಗಳೂರಿನ ಸಿಬ್ಬಂದಿಗೆ ಬಾಗಲಕೋಟೆಯ ದಾರಿ ತಿಳಿದಿರುವುದಿಲ್ಲ. ವಿಮಾನದಲ್ಲಿ ಬಂದವರು ಹುಬ್ಬಳ್ಳಿಯಲ್ಲಿಯೋ ಬೆಳಗಾವಿಯ ಸಾಂಬ್ರಾದಲ್ಲಿಯೋ ಇಳಿದು, ಅಲ್ಲಿಂದ ಮತ್ತೆ ಎರಡೂವರೆ ಮೂರು ತಾಸು ಕಾರಿನಲ್ಲಿ ಬರಬೇಕೆಂಬುದನ್ನು ನೀವೇ ಬರೆದು ತಿಳಿಸಿರಿ. ಬೆಳಗಿನ ವಿಮಾನದಲ್ಲಿ ಬಂದು ಹನ್ನೊಂದು ಗಂಟೆಗೆ ವೇದಿಕೆ ಏರುತ್ತೇನೆನ್ನುವ ವೇಳಾಪಟ್ಟಿಯನ್ನು ಒಪ್ಪಲೇಬೇಡಿರಿ, ಹಿಂದಿನ ರಾತ್ರಿ ಬಾಗಲಕೋಟೆಯಲ್ಲಿ ತಂಗಬೇಕೆಂದು ಕರಾರಿನಲ್ಲಿಯೇ ಸೇರಿಸಿರಿ. ಒಂದು ರಾತ್ರಿಯ ಕೋಣೆ ಬಾಡಿಗೆ, ಭಾಷಣಕಾರರಿಲ್ಲದ ಸಭೆಯ ಮುಂದೆ ಏನೂ ಅಲ್ಲ. ಲೆಕ್ಕದ ತಕರಾರು ಬೇಡವೆನ್ನುವವರು ಪ್ರಯಾಣಕ್ಕೆ ಒಟ್ಟು ಮೊತ್ತವೊಂದನ್ನು ಗೊತ್ತು ಮಾಡಿಕೊಂಡು ಉಳಿದದ್ದನ್ನು ಬ್ಯೂರೋಗೆ ಬಿಡುವುದು ಉತ್ತಮ.

ಮೂರನೆಯದು ಸಮಯ. ಕರಾರಿನಲ್ಲಿ ‘ಅರವತ್ತು ನಿಮಿಷ’ ಎಂದಿದ್ದರೆ ಅದು ಭಾಷಣವೊಂದೇ ಆಗಿದೆಯೇ, ಪ್ರಶ್ನೋತ್ತರವೂ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಿರಿ. ನಮ್ಮ ಕಡೆ ಸ್ವಾಗತ, ಮಾಲಾರ್ಪಣೆ, ಅಧ್ಯಕ್ಷೀಯ ನುಡಿ, ಶಾಲು ಹೊದಿಸುವುದು ಎಂದು ಸಭೆ ಒಂದೂವರೆ ತಾಸು ತಡವಾಗುವುದು ಹೊಸತಲ್ಲ. ಸಂಜೆಯ ವಿಮಾನ ಹಿಡಿಯಬೇಕಾದ ಭಾಷಣಕಾರರು ಆಗ ಇಪ್ಪತ್ತು ನಿಮಿಷಕ್ಕೇ ಮಾತು ಮುಗಿಸಿ ಹೊರಟರೆ ಕರಾರಿನ ಪ್ರಕಾರ ತಪ್ಪು ಅವರದಾಗುವುದಿಲ್ಲ. ಇನ್ನು ಭಾಷಣವನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವ ಯೋಚನೆಯಿದ್ದರೆ ಲಿಖಿತ ಅನುಮತಿ ಬೇಕು. ಕೆಲವರು ಅದಕ್ಕೆ ಪ್ರತ್ಯೇಕ ಹಣ ಕೇಳುತ್ತಾರೆ, ಕೆಲವರು ಸಂಘದ ಸದಸ್ಯರಿಗಷ್ಟೇ ತೋರಿಸಲು ಒಪ್ಪುತ್ತಾರೆ.

ಪ್ರಶ್ನೆ: ಕೈಗೆ ಒಂದು ಲಕ್ಷ ಬರಬೇಕು, ತೆರಿಗೆ ನಿಮ್ಮದು ಎಂದು ಭಾಷಣಕಾರರು ಹೇಳುತ್ತಿದ್ದಾರೆ. ಇದು ಸರಿಯೇ?
— ಲೆಕ್ಕಪತ್ರ ನೋಡುವವರು, ಗೋಕಾಕ

ಉತ್ತರ: ಕೇಳುವುದು ತಪ್ಪಲ್ಲ, ಆದರೆ ಒಪ್ಪುವ ಮೊದಲು ಲೆಕ್ಕ ಮಾಡಿರಿ. ವೃತ್ತಿಪರ ಶುಲ್ಕಕ್ಕೆ ಶೇಕಡಾ 10 ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆಯ ಕಡಿತವಿದೆ. ಒಬ್ಬರಿಗೆ ಒಂದು ಆರ್ಥಿಕ ವರ್ಷದಲ್ಲಿ ಕೊಡುವ ಮೊತ್ತ ಎಷ್ಟನ್ನು ದಾಟಿದರೆ ಈ ಕಡಿತ ಎಂಬ ಮಿತಿ ಮೊದಲು 30 ಸಾವಿರ ರೂಪಾಯಿ ಇತ್ತು, 2025ರ ಏಪ್ರಿಲ್ 1ರಿಂದ ಅದನ್ನು 50 ಸಾವಿರಕ್ಕೆ ಏರಿಸಲಾಗಿದೆ. ಕಡಿತದ ನಂತರ ಒಂದು ಲಕ್ಷ ಕೈಗೆ ಸಿಗಬೇಕಾದರೆ ನೀವು ಬರೆಯಬೇಕಾದ ಸಂಭಾವನೆ 1,11,111 ರೂಪಾಯಿ, 1,10,000 ಅಲ್ಲ. ಕಡಿತವಾದ ಹಣ ಭಾಷಣಕಾರರ ಹೆಸರಿನಲ್ಲಿಯೇ ಜಮೆಯಾಗಿ ಅವರ ತೆರಿಗೆಗೆ ಸಲ್ಲುವುದರಿಂದ, ಇದು ನಿಮ್ಮ ಕಡೆಯಿಂದ ಕೊಟ್ಟ ಹೆಚ್ಚುವರಿ ಸಂಭಾವನೆಯೇ ಸರಿ. ಬ್ಯೂರೋ ತನ್ನ ಹೆಸರಿನಲ್ಲಿಯೇ ಪೂರ್ತಿ ಬಿಲ್ ಕೊಟ್ಟರೆ ಒಟ್ಟು ಮೊತ್ತದ ಮೇಲೆ ಶೇಕಡಾ 18 ಜಿಎಸ್‌ಟಿ ಬೀಳುತ್ತದೆ. ಜಿಎಸ್‌ಟಿ ನೋಂದಣಿಯ ಮಿತಿಗಿಂತ ಕಡಿಮೆ ವಹಿವಾಟಿರುವ ಭಾಷಣಕಾರರು ತಾವೇ ಬಿಲ್ ಕೊಟ್ಟು, ಬ್ಯೂರೋ ತನ್ನ ಸೇವಾ ಶುಲ್ಕಕ್ಕಷ್ಟೇ ಬೇರೆ ಬಿಲ್ ಕೊಟ್ಟರೆ ಈ ಹೊರೆ ಬಹಳ ತಗ್ಗುತ್ತದೆ. ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಪ್ರತ್ಯೇಕ ತೋರಿಸಿದ್ದರೆ ಟಿಡಿಎಸ್ ಕಡಿತ ಸಂಭಾವನೆಯ ಭಾಗಕ್ಕೆ ಮಾತ್ರ. ವಿದೇಶದಲ್ಲಿ ನೆಲೆಸಿದವರಿಗೆ ನಿಯಮ ಬೇರೆ, ಅಲ್ಲಿ ಲೆಕ್ಕ ಪರಿಶೋಧಕರನ್ನು ಕೇಳದೆ ಹೆಜ್ಜೆಯಿಡಬೇಡಿರಿ.

ಪ್ರಶ್ನೆ: ಬದುಕಿನುದ್ದಕ್ಕೂ ಪ್ರವಚನ ಮಾಡಿ ಯಾರಿಂದಲೂ ಏನನ್ನೂ ಬಯಸದ ಸಿದ್ಧೇಶ್ವರ ಸ್ವಾಮೀಜಿಯವರ ಊರಿನಲ್ಲಿ, ಒಂದು ತಾಸಿನ ಮಾತಿಗೆ ಲಕ್ಷ ಕೊಟ್ಟು ಅದರಲ್ಲಿ ಮಧ್ಯವರ್ತಿಗೂ ಪಾಲು ಕೊಡುವುದು ನನಗೆ ಒಗ್ಗುತ್ತಿಲ್ಲ.
— ಕಾಲೇಜಿನ ಪ್ರಾಚಾರ್ಯರು, ವಿಜಯಪುರ

ಉತ್ತರ: ನಿಮ್ಮ ಅಳುಕು ಅರ್ಥವಾಗುತ್ತದೆ. 2018ರಲ್ಲಿ ಪದ್ಮಶ್ರೀಯನ್ನೂ ವಿನಯದಿಂದ ನಿರಾಕರಿಸಿದ, ಅಂಗಿಗೆ ಜೇಬನ್ನೇ ಇಡಿಸದ ಆ ಸಂತರ ಮಾತನ್ನು ಸಂಭಾವನೆಯ ಅಳತೆಗೋಲಿನಿಂದ ನೋಡಲು ಬರುವುದಿಲ್ಲ. ಅವರು ಮಾಡಿದ್ದು ವೃತ್ತಿಯೂ ಅಲ್ಲ. ಮಾತನ್ನೇ ವೃತ್ತಿ ಮಾಡಿಕೊಂಡವರು ತಯಾರಿ, ಪ್ರಯಾಣ ಮತ್ತು ಕಳೆದುಕೊಂಡ ದಿನಗಳಿಗೆ ಹಣ ಕೇಳುವುದು ನ್ಯಾಯವೇ. ಬ್ಯೂರೋ ಎಂಬುದೂ ನಿನ್ನೆ ಮೊನ್ನೆಯದಲ್ಲ. ಜೇಮ್ಸ್ ರೆಡ್‌ಪಾತ್ 1868ರಲ್ಲಿ ಬಾಸ್ಟನ್‌ನಲ್ಲಿ ಅಂಥದೊಂದನ್ನು ತೆರೆದು ಮಾರ್ಕ್ ಟ್ವೇನ್ ಅವರಂಥವರ ಉಪನ್ಯಾಸಗಳನ್ನು ಊರೂರಿಗೆ ಏರ್ಪಡಿಸಿದ್ದರು.

ಆದರೆ ಮಧ್ಯವರ್ತಿಯ ಪಾಲಿನ ಬಗೆಗಿನ ನಿಮ್ಮ ಸಂಶಯಕ್ಕೆ ಹಳೆಯ ಆಧಾರವೊಂದಿದೆ. 1892ರ ಅಕ್ಟೋಬರಿನಲ್ಲಿ ಬೆಳಗಾವಿಯಲ್ಲಿ ಭಾಟೆ ವಕೀಲರ ಮತ್ತು ಹರಿಪದ ಮಿತ್ರರ ಮನೆಗಳಲ್ಲಿ ತಂಗಿದ್ದ ಸ್ವಾಮಿ ವಿವೇಕಾನಂದರು, ಮರುವರ್ಷ ಶಿಕಾಗೋ ಸಮ್ಮೇಳನದ ನಂತರ ಅಲ್ಲಿನ ಉಪನ್ಯಾಸ ಬ್ಯೂರೋವೊಂದಕ್ಕೆ ಸಹಿ ಹಾಕಿ ಅಮೆರಿಕದ ಹಲವು ಊರುಗಳಲ್ಲಿ ಮಾತನಾಡಿದರು. ಒಂದು ಉಪನ್ಯಾಸಕ್ಕೆ 2,500 ಡಾಲರ್ ಸಂಗ್ರಹವಾದರೂ ತಮಗೆ ಸಿಕ್ಕಿದ್ದು 200 ಮಾತ್ರವೆಂದು ಅವರೇ ಪತ್ರದಲ್ಲಿ ಬರೆದುಕೊಂಡಿದ್ದಾರೆ. 1894ರಲ್ಲಿ ಆ ಸಂಬಂಧ ಕಡಿದುಕೊಂಡರು. ಒಟ್ಟು ಎಷ್ಟು ಬಂತು, ಯಾರಿಗೆಷ್ಟು ಹೋಯಿತು ಎಂಬುದು ಭಾಷಣಕಾರರಿಗೂ ಆಯೋಜಕರಿಗೂ ಕಾಣುವಂತಿದ್ದರೆ ಇಂಥದು ನಡೆಯುವುದು ಕಷ್ಟ. ನಿಮ್ಮ ಕಾಲೇಜಿನ ಮಟ್ಟಿಗೆ ಹೇಳುವುದಾದರೆ, ವಿದ್ಯಾರ್ಥಿಗಳ ಶುಲ್ಕದ ಹಣದಲ್ಲಿ ಲಕ್ಷ ಕೊಟ್ಟು ಒಂದು ತಾಸಿನ ಪ್ರೇರಣಾ ಭಾಷಣ ಕೇಳಿಸುವುದಕ್ಕಿಂತ, ಅದೇ ಭಾಷಣಕಾರರು ಮಧ್ಯಾಹ್ನ ಅಂತಿಮ ವರ್ಷದವರ ಜೊತೆ ಎರಡು ತಾಸು ಕಾರ್ಯಾಗಾರ ನಡೆಸುವರೇ ಎಂದು ಕೇಳಿರಿ. ಹೇಗೂ ದಿನ ನಿಮ್ಮದೇ ಆಗಿರುವುದರಿಂದ ಬಹಳ ಮಂದಿ ಹೆಚ್ಚಿಗೆ ಹಣವಿಲ್ಲದೆ ಒಪ್ಪುತ್ತಾರೆ, ಶೈಕ್ಷಣಿಕ ಸಂಸ್ಥೆಗಳಿಗೆ ದರ ಇಳಿಸುವವರೂ ಇದ್ದಾರೆ. ಆದರೆ ಇದನ್ನು ಬ್ಯೂರೋ ತಾನಾಗಿ ಹೇಳುವುದಿಲ್ಲ, ದರ ಇಳಿದರೆ ಅದರ ಕಮಿಷನ್ ಕೂಡ ಇಳಿಯುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಸಂಸ್ಥೆಗಳಲ್ಲಿ ತರಬೇತಿ ಉಪನ್ಯಾಸ ಕೊಡುತ್ತೇನೆ. ಹೆಸರು ನೋಂದಾಯಿಸಲು ಒಂದು ಬ್ಯೂರೋ 15 ಸಾವಿರ ಕೇಳುತ್ತಿದೆ. ಕೊಡಲೇ?
— ಜಮಖಂಡಿ

ಉತ್ತರ: ಕೊಡಬೇಡಿರಿ. ನಿಮಗೆ ಕಾರ್ಯಕ್ರಮ ತಂದುಕೊಟ್ಟ ಮೇಲೆ ಕಮಿಷನ್ ಪಡೆಯುವುದು ಬ್ಯೂರೋದ ಕೆಲಸ, ಪಟ್ಟಿಗೆ ಸೇರಿಸಲೆಂದೇ ಹಣ ಪಡೆಯುವವರಿಗೆ ನಿಮ್ಮನ್ನು ವೇದಿಕೆಗೆ ಕಳುಹಿಸುವ ಅವಸರವಿರುವುದಿಲ್ಲ. ಆ ಹಣದಲ್ಲಿ ನಿಮ್ಮ ಒಂದು ಪೂರ್ತಿ ಉಪನ್ಯಾಸವನ್ನು ಒಳ್ಳೆಯ ಕಾಲರ್ ಮೈಕ್ ಬಳಸಿ, ಶ್ರೋತೃಗಳೂ ಕಾಣುವಂತೆ ಚಿತ್ರೀಕರಿಸಿಕೊಳ್ಳಿರಿ. ಅದನ್ನು ಎರಡು ಮೂರು ಬ್ಯೂರೋಗಳಿಗೆ ಕಳುಹಿಸಿರಿ. ಏಕಮಾತ್ರ ಪ್ರಾತಿನಿಧ್ಯದ ಒಪ್ಪಂದಕ್ಕೆ ಮಾತ್ರ ಆರಂಭದಲ್ಲೇ ಸಹಿ ಹಾಕಬೇಡಿರಿ.