ಗೋಡೆಯೊಳಗೆ ಹೋಗುವ ಕೇಬಲ್‌ಗೆ ಮೊದಲು ಹಣ ಹಾಕಿ

ನೆಟ್‌ವರ್ಕ್ ಕೇಬಲ್ ಮತ್ತು ಉಪಕರಣಗಳ ಆಯ್ಕೆ ಬಗ್ಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಪ್ರಶ್ನೆ: ಹಾಸನದಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಕೆಳಗೆ ನಮ್ಮದೇ ಚಿಕ್ಕ ಕಚೇರಿ, ಮೇಲೆ ವಾಸ. ಎಲೆಕ್ಟ್ರಿಷಿಯನ್ ಹೇಳಿದ ಕ್ಯಾಟ್ 6 ಕೇಬಲ್ ಬಾಕ್ಸಿನ ಬೆಲೆ, ಅಂಗಡಿಯಲ್ಲಿ ನಾವು ವಿಚಾರಿಸಿದ ಬಾಕ್ಸಿನ ಬೆಲೆಯ ಅರ್ಧವೂ ಇಲ್ಲ. ಎರಡರ ಮೇಲೂ ಕ್ಯಾಟ್ 6 ಎಂದೇ ಇದೆ. ಯಾವುದು ತರಲಿ? ಕ್ಯಾಟ್ 6ಎ ಬೇಕಾಗುತ್ತದೆಯೇ?

ಉತ್ತರ: ಅಷ್ಟು ಕಡಿಮೆ ಬೆಲೆಯ ಬಾಕ್ಸ್ ಬಹುತೇಕ ಸಿಸಿಎ ಆಗಿರುತ್ತದೆ. ಅಂದರೆ ಒಳಗೆ ಅಲ್ಯೂಮಿನಿಯಂ ತಂತಿ, ಮೇಲೆ ತಾಮ್ರದ ತೆಳು ಲೇಪ. ಇದು ಕ್ಯಾಟ್ 6 ಮಾನದಂಡಕ್ಕೆ ಒಳಪಡುವುದೇ ಇಲ್ಲ, ಬಾಕ್ಸಿನ ಮೇಲೆ ಏನೇ ಅಚ್ಚಾಗಿರಲಿ. ಇದರ ರೆಸಿಸ್ಟೆನ್ಸ್ ಶುದ್ಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಜ್ಯಾಕ್‌ಗೆ ಪಂಚ್ ಮಾಡುವಾಗ ತಂತಿ ಮುರಿಯುತ್ತದೆ. ಕ್ಯಾಮೆರಾಗೆ ಇದೇ ಕೇಬಲ್‌ನಲ್ಲಿ ಕರೆಂಟ್ ಕಳಿಸಿದರೆ ಬಿಸಿಯಾಗುತ್ತದೆ. ಗೋಡೆಯೊಳಗೆ ಹೋದ ಮೇಲೆ ಇದನ್ನು ತೆಗೆಸುವ ಖರ್ಚು, ಈಗ ಉಳಿಯುವ ಹಣಕ್ಕಿಂತ ಎಷ್ಟೋ ಹೆಚ್ಚು.

ಪರೀಕ್ಷಿಸುವುದು ಸುಲಭ. ಒಂದು ತಂತಿಯ ಪ್ಲಾಸ್ಟಿಕ್ ಸುಲಿದು ಬ್ಲೇಡಿನಿಂದ ಚೆನ್ನಾಗಿ ಕೆರೆಯಿರಿ. ಒಳಗೆ ಬೆಳ್ಳಿ ಬಣ್ಣ ಕಂಡರೆ ಅದು ತಾಮ್ರವಲ್ಲ. ತೂಕವೂ ಹೇಳಿಬಿಡುತ್ತದೆ: 23 ಗೇಜ್‌ನ (ಗೇಜ್ ಎಂದರೆ ತಂತಿಯ ದಪ್ಪದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು) 305 ಮೀಟರ್ ಬಾಕ್ಸ್‌ನಲ್ಲಿ ತಾಮ್ರವೇ ಐದೂವರೆ ಕಿಲೋ ದಾಟಬೇಕು, ಸಿಸಿಎ ಬಾಕ್ಸ್ ಅದಕ್ಕಿಂತ ಮೂರು ಕಿಲೋ ಹಗುರ. ಇನ್ನೂ ಖಾತ್ರಿ ಬೇಕಾದರೆ ಮಲ್ಟಿಮೀಟರ್ ತನ್ನಿ. ಬಾಕ್ಸ್ ತೆರೆದು ಸುರುಳಿಯ ಎರಡೂ ತುದಿ ಹೊರತೆಗೆಯಿರಿ. ಒಂದು ತುದಿಯಲ್ಲಿ ನೀಲಿ ಮತ್ತು ಬಿಳಿ-ನೀಲಿ ತಂತಿಗಳನ್ನು ಒಟ್ಟಿಗೆ ಹೊಸೆದು, ಇನ್ನೊಂದು ತುದಿಯಲ್ಲಿ ಅವೆರಡರ ನಡುವಿನ ರೆಸಿಸ್ಟೆನ್ಸ್ ಅಳೆಯಿರಿ. 305 ಮೀಟರಿನ ಪೂರ್ತಿ ಬಾಕ್ಸ್‌ಗೆ 23 ಗೇಜ್ ತಾಮ್ರ 41ರಿಂದ 45 ಓಮ್ ತೋರಿಸುತ್ತದೆ, 24 ಗೇಜ್ ತಾಮ್ರ 51ರಿಂದ 55. ಮಾನದಂಡದ ಮಿತಿ 57ರ ಆಸುಪಾಸು. ಮೀಟರ್ 60 ದಾಟಿದರೆ ಬಾಕ್ಸ್ ವಾಪಸ್ ಕೊಡಿ. ಒಂದು ಮೀಟರನ್ನೂ ಕತ್ತರಿಸುವ ಮೊದಲೇ ಈ ಅಳತೆ ಮಾಡಬೇಕು. ಕತ್ತರಿಸಿದ ಮೇಲೆ ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ.

ಕ್ಯಾಟ್ 6ಎ ನಿಮಗೆ ಬೇಡ. ಕ್ಯಾಟ್ 6 ಗಿಗಾಬಿಟ್ (1000 ಎಂಬಿಪಿಎಸ್) ವೇಗವನ್ನು 100 ಮೀಟರ್‌ವರೆಗೆ ಒಯ್ಯುತ್ತದೆ, 10 ಗಿಗಾಬಿಟ್ ಅನ್ನೂ ಅನುಕೂಲವಿದ್ದರೆ 55 ಮೀಟರ್‌ವರೆಗೆ. ಮನೆಯೊಳಗಿನ ಓಟ ಮೂವತ್ತು ಮೀಟರ್ ದಾಟುವುದು ಅಪರೂಪ. 6ಎ ಕೇಬಲ್ ದಪ್ಪ, ಬಗ್ಗುವುದು ಕಷ್ಟ, ಪೈಪಿನಲ್ಲಿ ಜಾಗವೂ ಹೆಚ್ಚು ತಿನ್ನುತ್ತದೆ. ಆ ಹಣದಲ್ಲಿ ಪಾಯಿಂಟ್ ಹೆಚ್ಚಿಸಿ: ಪ್ರತಿ ಕೋಣೆಗೆ ಎರಡು, ಟಿವಿ ಹಿಂದೆ ಎರಡು, ಪ್ರತಿ ಅಂತಸ್ತಿನ ಚಾವಣಿ ಮಧ್ಯೆ ವೈಫೈ ಆ್ಯಕ್ಸೆಸ್ ಪಾಯಿಂಟ್‌ಗೆ ಒಂದು, ಗೇಟು ಮತ್ತು ಹಿತ್ತಲಿಗೆ ಕ್ಯಾಮೆರಾ ಪಾಯಿಂಟ್. ಎಲ್ಲವೂ ಒಂದೇ ಜಾಗಕ್ಕೆ ಬಂದು ಪ್ಯಾಚ್ ಪ್ಯಾನೆಲ್‌ನಲ್ಲಿ (ಸಾಲು ಜ್ಯಾಕ್‌ಗಳ ಪಟ್ಟಿಯಲ್ಲಿ) ಸೇರಲಿ, ನಡುವೆ ಎಲ್ಲೂ ಗಂಟು ಹಾಕಬಾರದು. 20 ಎಂಎಂ ಪೈಪಿಗೆ ಮೂರು ಕೇಬಲ್, 25 ಎಂಎಂಗೆ ಐದು, ಅದಕ್ಕಿಂತ ತುರುಕಬೇಡಿ. ವೈರಿಂಗ್ ಮಾಡುವವರು ಸಮಯ ಉಳಿಸಲು 230 ವೋಲ್ಟ್ ವೈರಿನ ಪೈಪಿನಲ್ಲೇ ನೆಟ್‌ವರ್ಕ್ ಕೇಬಲ್ ಎಳೆಯುವುದುಂಟು. ಒಪ್ಪಲೇಬೇಡಿ, ಅದು ವೇಗದ ಪ್ರಶ್ನೆಗಿಂತ ಮೊದಲು ಪ್ರಾಣದ ಪ್ರಶ್ನೆ. ಚಾವಣಿ ಹಾಕುವ ದಿನ ನೀವೇ ಹೋಗಿ ಪೈಪುಗಳನ್ನು ನೋಡಿ ಬನ್ನಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಕ್ಯಾಟ್ 8 ಎಂಬ ಚಪ್ಪಟೆ ಕೇಬಲ್ ಸಿಗುತ್ತಿದೆ. ರೂಟರ್‌ನಿಂದ ಕಂಪ್ಯೂಟರ್‌ಗೆ 20 ಮೀಟರ್ ಅದನ್ನೇ ಹಾಕಿದರೆ ಒಳ್ಳೆಯದೇ? (ಸಕಲೇಶಪುರ)

ಉತ್ತರ: ಬೇಡ. ನಿಜವಾದ ಕ್ಯಾಟ್ 8 ಡೇಟಾ ಸೆಂಟರ್‌ಗಳಲ್ಲಿ 30 ಮೀಟರ್ ಒಳಗಿನ ಸಂಪರ್ಕಕ್ಕಾಗಿ ಮಾಡಿದ್ದು, ಅದು ದಪ್ಪವಾಗಿ ದುಂಡಗಿರುತ್ತದೆ. ಚಪ್ಪಟೆ ಕೇಬಲ್‌ನಲ್ಲಿ ತಂತಿ ತೆಳು, ಹೊಸೆತವೂ ಸಡಿಲ. ಅಷ್ಟು ದೂರಕ್ಕೆ ಸಾಧಾರಣ ಕ್ಯಾಟ್ 6 ಇದಕ್ಕಿಂತ ನಂಬಿಕಸ್ಥ.

ಪ್ರಶ್ನೆ: ಮೂಡಿಗೆರೆ ಕಡೆ ಕಾಫಿ ತೋಟವಿದೆ. ಮನೆಯಿಂದ ಸುಮಾರು 180 ಮೀಟರ್ ಕೆಳಗೆ ಮೂರು ಹೋಮ್‌ಸ್ಟೇ ಕಾಟೇಜುಗಳು, ಪಕ್ಕದಲ್ಲೇ ಕಾಫಿ ಒಣಗಿಸುವ ಕಣ. ಕ್ಯಾಟ್ 6 ಕೇಬಲನ್ನು ಸಿಲ್ವರ್ ಮರಗಳಿಗೆ ಕಟ್ಟಿ, ನಡುವೆ ಒಂದು ನೆಟ್‌ವರ್ಕ್ ಸ್ವಿಚ್ ಇಟ್ಟಿದ್ದೆವು. ಎರಡು ವರ್ಷವೂ ಹೂಮಳೆಯ ಗುಡುಗಿಗೆ ಸ್ವಿಚ್, ಕ್ಯಾಮೆರಾ ಸುಟ್ಟವು. ಹೊರಾಂಗಣದ ಒಳ್ಳೆಯ ಕೇಬಲ್ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ. ಎಷ್ಟು ಬೆಲೆಯ ತಾಮ್ರ ಹಾಕಿದರೂ ಮುಂದಿನ ಹೂಮಳೆಗೆ ಅದೇ ಕಥೆ. ನಿಮಗೆ ಬೇಕಿರುವುದು ಫೈಬರ್, ಅಂದರೆ ಬೆಳಕಿನ ಮೂಲಕ ಡೇಟಾ ಒಯ್ಯುವ ಗಾಜಿನ ಎಳೆಯ ಕೇಬಲ್.

ಕಾರಣ ಸ್ವಲ್ಪ ವಿವರವಾಗಿಯೇ ತಿಳಿಯಬೇಕು. ಸಿಡಿಲು ನಿಮ್ಮ ಕೇಬಲ್‌ಗೇ ಬಡಿಯಬೇಕೆಂದಿಲ್ಲ. ತೋಟದ ಯಾವುದೋ ಮರಕ್ಕೆ ಬಡಿದರೂ ಅದರ ಸುತ್ತಲಿನ ನೆಲದ ವೋಲ್ಟೇಜ್ ಒಂದು ಕ್ಷಣ ಸಾವಿರಾರು ವೋಲ್ಟ್ ಏರುತ್ತದೆ. ಮನೆಯ ಅರ್ಥಿಂಗ್ ಒಂದು ಕಡೆ, ಕಾಟೇಜಿನ ಅರ್ಥಿಂಗ್ 180 ಮೀಟರ್ ಆಚೆ. ಎರಡರ ನಡುವೆ ಆ ಕ್ಷಣ ಭಾರಿ ವ್ಯತ್ಯಾಸ, ಅವನ್ನು ಜೋಡಿಸಿರುವುದು ನಿಮ್ಮ ತಾಮ್ರದ ಕೇಬಲ್. ನೆಟ್‌ವರ್ಕ್ ಪೋರ್ಟ್‌ಗಳೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ತಡೆಯಲು ಪರೀಕ್ಷೆಗೊಳಗಾಗಿರುವುದು 1500 ವೋಲ್ಟ್‌ಗೆ. ಅದನ್ನು ದಾಟಿದರೆ ಎರಡೂ ತುದಿಯ ಉಪಕರಣ ಹೋಗುತ್ತದೆ. ಮೇಲಾಗಿ ತಾಮ್ರದ ಮಿತಿಯೇ 100 ಮೀಟರ್. ನಡುವೆ ಇಟ್ಟ ಸ್ವಿಚ್‌ಗೆ ಕರೆಂಟ್ ಬೇಕು, ಮಳೆ ತಡೆಯುವ ಪೆಟ್ಟಿಗೆ ಬೇಕು, ಇರುವೆ ಗೂಡು ಕಟ್ಟದಂತೆ ನೋಡಬೇಕು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, 180 ಮೀಟರ್ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಕೊಳ್ಳಬೇಕಾದ್ದು ಸಿಂಗಲ್ ಮೋಡ್, ನಾಲ್ಕು ಕೋರ್‌ನ (ಎಳೆಯ) ಹೊರಾಂಗಣ ಫೈಬರ್. ಜಿ.657ಎ ಎಂದಿದ್ದರೆ ತಿರುವುಗಳಲ್ಲಿ ಬೆಳಕು ಸೋರುವುದು ಕಡಿಮೆ. ಕೆಲಸಕ್ಕೆ ಒಂದೇ ಕೋರ್ ಸಾಕು, ಆದರೆ ನಾಲ್ಕರ ಬೆಲೆ ಬಹಳ ಹೆಚ್ಚಿಲ್ಲ, ಒಂದು ಮುರಿದರೆ ಇನ್ನೊಂದಿರುತ್ತದೆ. ಅಂಗಡಿಯಲ್ಲಿ ಸ್ಪಷ್ಟವಾಗಿ ಕೇಳಬೇಕಾದ ಮಾತೊಂದಿದೆ: ಆಸರೆಗೆ ಇರುವ ಕಡ್ಡಿ ಉಕ್ಕಿನದೋ, ಎಫ್‌ಆರ್‌ಪಿಯದೋ (ನಾರು ಬೆರೆಸಿದ ಪ್ಲಾಸ್ಟಿಕ್)? ಟೆಲಿಕಾಂನವರು ಕಂಬದಿಂದ ಮನೆಗೆ ಎಳೆಯುವ ಕೇಬಲ್‌ನಲ್ಲಿ ಹಲವು ಸಲ ಉಕ್ಕಿನ ತಂತಿ ಇರುತ್ತದೆ. ಅದನ್ನೇ ಹಾಕಿದರೆ ಸಿಡಿಲಿಗೆ ಮತ್ತೆ ದಾರಿ ಮಾಡಿಕೊಟ್ಟ ಹಾಗೆ. ಲೋಹವೇ ಇಲ್ಲದ ಎಫ್‌ಆರ್‌ಪಿ ಕೇಬಲನ್ನೇ ತನ್ನಿ.

ಉದ್ದದ ಲೆಕ್ಕ: ದಾರಿಯನ್ನು ನಡೆದು ಟೇಪಿನಿಂದ ಅಳೆಯಿರಿ, ಎರಡೂ ತುದಿಗೆ ಐದೈದು ಮೀಟರ್ ಸುರುಳಿ ಬಿಡಿ, ಮೇಲೆ ನೂರಕ್ಕೆ ಹತ್ತು ಸೇರಿಸಿ. ನಿಮಗೆ 220 ಮೀಟರ್ ತಂದರೆ ಸಾಕು. ಮರಕ್ಕೆ ಕಟ್ಟುವುದನ್ನು ಬಿಡಿ. ಆಷಾಢದ ಗಾಳಿಗೆ ಸಿಲ್ವರ್ ಮರ ತೂಗುತ್ತದೆ, ಮರಗಸಿ ಮಾಡುವಾಗ ಕೊಂಬೆ ಬೀಳುತ್ತದೆ, ಮೆಣಸು ಕೊಯ್ಯುವ ಏಣಿ ಸಿಕ್ಕಿಕೊಳ್ಳುತ್ತದೆ. 25 ಅಥವಾ 32 ಎಂಎಂನ ಎಚ್‌ಡಿಪಿಇ ಪೈಪನ್ನು ಎರಡಡಿ ಆಳದಲ್ಲಿ, ತೋಟದ ರಸ್ತೆಯ ಅಂಚಿನಲ್ಲೇ ಹೂಳಿ. ಗಿಡಗಳ ನಡುವೆ ಹಾಯಿಸಿದರೆ ತೊಟ್ಟಿಲುಗುಂಡಿ ತೆಗೆಯುವ ಗುದ್ದಲಿಗೆ ಒಂದಲ್ಲ ಒಂದು ದಿನ ಸಿಗುತ್ತದೆ. ಪೈಪಿನಲ್ಲಿ ಒಂದು ನೈಲಾನ್ ಹಗ್ಗವನ್ನೂ ಬಿಟ್ಟಿರಿ, ಮುಂದೆ ಎಳೆಯಲು ಬೇಕಾಗುತ್ತದೆ. ದಾರಿ ಎಲ್ಲಿ ಹೋಗಿದೆ ಎಂದು ಫೋಟೊ ತೆಗೆದಿಟ್ಟರೆ ಕೆಲಸದವರಿಗೆ ತೋರಿಸಬಹುದು.

ತುದಿ ಜೋಡಿಸುವುದನ್ನು ಸ್ಪ್ಲೈಸಿಂಗ್ ಯಂತ್ರ ಇರುವವರಿಂದಲೇ ಮಾಡಿಸಿ. ಊರಿನ ಕೇಬಲ್ ಆಪರೇಟರ್ ಅಥವಾ ಇಂಟರ್‌ನೆಟ್ ಕೊಡುವವರ ಬಳಿ ಆ ಯಂತ್ರ ಇರುತ್ತದೆ. ಎರಡೂ ಕಡೆ ಫೈಬರನ್ನು ನೆಟ್‌ವರ್ಕ್ ಕೇಬಲ್‌ಗೆ ಜೋಡಿಸುವ ಗಿಗಾಬಿಟ್ ಮೀಡಿಯಾ ಕನ್ವರ್ಟರ್ ಬೇಕು. ಒಂದೇ ಎಳೆಯಲ್ಲಿ ಎರಡೂ ದಿಕ್ಕಿಗೆ ಹೋಗುವ ಜಾತಿಯದಾದರೆ ಒಂದು 1310 ನ್ಯಾನೋಮೀಟರ್‌ನಲ್ಲಿ ಕಳಿಸಿ 1550ರಲ್ಲಿ ಸ್ವೀಕರಿಸುತ್ತದೆ, ಇನ್ನೊಂದು ಉಲ್ಟಾ. ಎ ಮತ್ತು ಬಿ ಎಂದು ಜೋಡಿಯಾಗಿ ಬರುತ್ತವೆ, ಎರಡೂ ಎ ತಂದರೆ ದೀಪವೇ ಹತ್ತದು. ಕನೆಕ್ಟರ್ ಬಣ್ಣವನ್ನೂ ನೋಡಿ. ಈ ಕನ್ವರ್ಟರ್‌ಗಳಿಗೆ ಸಾಮಾನ್ಯವಾಗಿ ನೀಲಿ ಬೇಕು, ಇಂಟರ್‌ನೆಟ್‌ನವರ ಹತ್ತಿರ ಇರುವುದು ಹಸಿರು. ಹಸಿರಿನ ಮುಖ ಓರೆಯಾಗಿ ಕತ್ತರಿಸಿದ್ದು, ನೀಲಿಗೆ ಚುಚ್ಚಿದರೆ ಸರಿಯಾಗಿ ಕೂರುವುದಿಲ್ಲ. ಕೆಲಸ ಮುಗಿದ ಮೇಲೆ ಪವರ್ ಮೀಟರ್‌ನಲ್ಲಿ ನಷ್ಟ ಅಳೆಸಿ. ಇಷ್ಟು ದೂರಕ್ಕೆ ಎರಡು ಡಿಬಿ ಒಳಗಿರಬೇಕು. ಮೂರು ದಾಟಿದರೆ ಜೋಡಣೆ ಕೆಟ್ಟಿದೆ, ಕನೆಕ್ಟರ್ ಮುಖದಲ್ಲಿ ಧೂಳಿದೆ ಅಥವಾ ಎಲ್ಲೋ ಕೇಬಲ್ ಮಡಚಿಕೊಂಡಿದೆ.

ಕಾಟೇಜುಗಳ ನಡುವೆ? ಮೂರಕ್ಕೂ ಒಂದೇ ಬೋರ್ಡಿನಿಂದ ಕರೆಂಟು, ಒಂದೇ ಅರ್ಥಿಂಗ್ ಇದ್ದರೆ ಕಪ್ಪು ಹೊದಿಕೆಯ ಹೊರಾಂಗಣ ಕ್ಯಾಟ್ 6 ನಡೆಯುತ್ತದೆ. ಬೇರೆ ಬೇರೆ ಅರ್ಥಿಂಗ್ ಆದರೆ ಅಲ್ಲೂ ಫೈಬರ್. ಫೈಬರ್ ತಡೆಯುವುದು ಡೇಟಾ ದಾರಿಯಲ್ಲಿ ಬರುವ ಸಿಡಿಲನ್ನು ಮಾತ್ರ ಎಂಬುದು ನೆನಪಿರಲಿ. ಕರೆಂಟ್ ಲೈನಿನಲ್ಲಿ ಬರುವುದಕ್ಕೆ ಎರಡೂ ಕಡೆಯ ಮುಖ್ಯ ಬೋರ್ಡಿನಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಷನ್ ಡಿವೈಸ್ ಕೂರಿಸಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದೂ ಕೆಲಸಕ್ಕೆ ಬಾರದು, ಆದ್ದರಿಂದ ಹೂಮಳೆಗೆ ಮೊದಲೇ ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಪ್ರಶ್ನೆ: 300 ಎಂಬಿಪಿಎಸ್ ಪ್ಲಾನ್ ಇದೆ. ವೈಫೈನಲ್ಲಿ ಅಷ್ಟೂ ಬರುತ್ತದೆ, ಕೇಬಲ್ ಹಾಕಿದ ಕಂಪ್ಯೂಟರ್‌ಗೆ ಮಾತ್ರ 94ರ ಮೇಲೆ ಏರುವುದಿಲ್ಲ. ಟೆಸ್ಟರ್‌ನಲ್ಲಿ ಎಂಟೂ ದೀಪ ಹತ್ತುತ್ತವೆ. (ಚಿಕ್ಕಮಗಳೂರು)

ಉತ್ತರ: 94 ಎಂಬ ಅಂಕಿಯೇ ಸುಳಿವು. ಸಂಪರ್ಕ 100 ಎಂಬಿಪಿಎಸ್‌ಗೆ ಇಳಿದಿದೆ, ಉಳಿದ ಆರು ಪ್ಯಾಕೆಟ್‌ಗಳ ಮೇಲ್ಖರ್ಚು. 100ಕ್ಕೆ 1, 2, 3, 6ನೇ ತಂತಿಗಳು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಮೊದಲು ಗೊತ್ತಿರುವ ಒಳ್ಳೆಯ ಪ್ಯಾಚ್ ಕಾರ್ಡಿನಿಂದ ಕಂಪ್ಯೂಟರನ್ನು ನೇರ ರೂಟರ್‌ಗೆ ಹಾಕಿ. ಆಗಲೂ 94 ಬಂದರೆ ರೂಟರಿನ ಅಥವಾ ಕಂಪ್ಯೂಟರಿನ ಪೋರ್ಟೇ 100ರದ್ದು. ವೇಗ ಸರಿಯಾದರೆ ತಪ್ಪು ಗೋಡೆಯ ಕೇಬಲ್‌ನಲ್ಲಿ ಅಥವಾ ಅದರ ತುದಿಗಳಲ್ಲಿ, ಇಲ್ಲವೇ ನಡುವೆ ಹಳೆಯ 100ರ ಸ್ವಿಚ್ ಇದೆ.

ಎಂಟು ದೀಪದ ಟೆಸ್ಟರ್ ತಂತಿ ತುಂಡಾಗಿದೆಯೇ ಎಂದಷ್ಟೇ ಹೇಳುತ್ತದೆ, ಜೋಡಿ ಸರಿಯಿದೆಯೇ ಎಂದು ಹೇಳುವುದಿಲ್ಲ. ಬಹಳ ಮಂದಿ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು ಎಂದು ನೋಡಲು ಚಂದವಾಗಿ ಜೋಡಿಸುತ್ತಾರೆ. ಎರಡೂ ತುದಿ ಹಾಗೇ ಇದ್ದರೆ ಟೆಸ್ಟರ್ ಪಾಸ್. ಆದರೆ 3 ಮತ್ತು 6ನೇ ತಂತಿಗಳು ಬೇರೆ ಬೇರೆ ಹೊಸೆತದಿಂದ ಬಂದು ಒಂದರ ಸಂಕೇತ ಇನ್ನೊಂದಕ್ಕೆ ನುಗ್ಗುತ್ತದೆ. ಸರಿಯಾದ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹೊಸೆತವನ್ನು 13 ಎಂಎಂಗಿಂತ ಹೆಚ್ಚು ಬಿಚ್ಚಬೇಡಿ, ಹೊರಗಿನ ಹೊದಿಕೆ ಕನೆಕ್ಟರ್‌ನ ಕಚ್ಚಿನೊಳಗೆ ಹೋಗಿರಲಿ. ಎರಡೂ ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ ನೋಡಿ.

ಪ್ರಶ್ನೆ: ಬೇಲೂರಿನಲ್ಲಿ ನಮ್ಮ ಅಂಗಡಿ ಮತ್ತು ಗೋದಾಮಿಗೆ ಎಂಟು ಕ್ಯಾಮೆರಾ, ಎಂಟು ಪೋರ್ಟಿನ ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವ) ಸ್ವಿಚ್. ಹಗಲು ಎಲ್ಲವೂ ಚೆನ್ನಾಗಿವೆ. ಕತ್ತಲಾದ ಮೇಲೆ ಒಂದೆರಡು ಆಫ್ ಆಗಿ ಆನ್ ಆಗುತ್ತಿರುತ್ತವೆ.

ಉತ್ತರ: ಕತ್ತಲಾದೊಡನೆ ಕ್ಯಾಮೆರಾದ ಇನ್ಫ್ರಾರೆಡ್ ದೀಪಗಳು ಹತ್ತುತ್ತವೆ. ಹಗಲು ನಾಲ್ಕು ವ್ಯಾಟ್ ಎಳೆಯುವುದು ರಾತ್ರಿ ಏಳೆಂಟು ಎಳೆಯುತ್ತದೆ. ಪೋರ್ಟ್ ಎಂಟಿದ್ದರೂ ಸ್ವಿಚ್ಚಿನ ಒಟ್ಟು ಪಿಒಇ ಶಕ್ತಿ 60 ವ್ಯಾಟ್ ಮಾತ್ರ ಇದ್ದರೆ, ಎಂಟು ಕ್ಯಾಮೆರಾ ಎಂಟೆಂಟು ವ್ಯಾಟ್ ಕೇಳಿದಾಗ 64 ಆಗಿ ಒಂದನ್ನು ಕೈಬಿಡುತ್ತದೆ. ರಾತ್ರಿ ಮೂರು ಕ್ಯಾಮೆರಾ ಕಿತ್ತುಬಿಡಿ. ಉಳಿದವು ನಿಂತರೆ ಸ್ವಿಚ್ಚಿನ ಶಕ್ತಿ ಸಾಲದು ಎಂದರ್ಥ, 96 ಅಥವಾ 120 ವ್ಯಾಟಿನದು ತನ್ನಿ. ದೂರದ ಕ್ಯಾಮೆರಾ ಮಾತ್ರ ಆಗಲೂ ಒದ್ದಾಡುತ್ತಿದ್ದರೆ ಕೇಬಲ್ ನೋಡಬೇಕು.

ಸ್ವಿಚ್ ಮೇಲೆ 802.3ಎಎಫ್ ಅಥವಾ 802.3ಎಟಿ ಎಂದಿದೆಯೇ ಗಮನಿಸಿ. ಎಎಫ್ ಪೋರ್ಟ್ 15.4 ವ್ಯಾಟ್ ಕೊಡುತ್ತದೆ, ಎಟಿ 30, ಅದೂ 44 ವೋಲ್ಟ್‌ಗಿಂತ ಮೇಲೆ. ಅಗ್ಗದ ಕಿಟ್‌ಗಳು 12 ವೋಲ್ಟನ್ನೇ ಕೇಬಲ್‌ನಲ್ಲಿ ಕಳಿಸುತ್ತವೆ. 60 ಮೀಟರ್ ದೂರದಲ್ಲಿ 24 ಗೇಜ್ ತಾಮ್ರ, ಹೋಗಲು ಎರಡು ತಂತಿ, ಬರಲು ಎರಡು ಎಂದುಕೊಂಡರೆ ಒಟ್ಟು 5 ಓಮ್. ಕ್ಯಾಮೆರಾ 0.6 ಆಂಪಿಯರ್ ಎಳೆದರೆ ದಾರಿಯಲ್ಲೇ 3 ವೋಲ್ಟ್ ಹೋಗಿ 9 ಉಳಿಯುತ್ತದೆ. ಸಿಸಿಎ ಆದರೆ ಏಳೂವರೆಯೂ ತಲುಪದು. ಅದೇ ಕ್ಯಾಮೆರಾಗೆ 48 ವೋಲ್ಟಿನಲ್ಲಿ ಕಳಿಸಿದರೆ ನಷ್ಟ ಒಂದು ವೋಲ್ಟೂ ಇಲ್ಲ.

ಗೋಡೆಯ ಹೊರಗಿನ ಕನೆಕ್ಟರನ್ನೂ ಬಿಚ್ಚಿ ನೋಡಿ. ಮಳೆನೀರು ಹೋಗಿ ಪಿನ್‌ಗಳಿಗೆ ಹಸಿರು ಕಿಲುಬು ಕಟ್ಟಿದ್ದರೆ ತುದಿ ಕತ್ತರಿಸಿ ಹೊಸದು ಹಾಕಿ, ಜೋಡಣೆಯನ್ನು ಮುಚ್ಚಳವಿರುವ ಪೆಟ್ಟಿಗೆಯೊಳಗೆ ಇಡಿ. ಕೇಬಲ್ ಪೆಟ್ಟಿಗೆಯ ಕೆಳಗಿನಿಂದಲೇ ಒಳಹೋಗಬೇಕು, ಹೋಗುವ ಮೊದಲು ಒಂದು ಗೇಣು ಕೆಳಕ್ಕೆ ಜೋತು ಬಿದ್ದಿರಬೇಕು. ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಕನೆಕ್ಟರ್‌ವರೆಗೆ ಹರಿದು ಬರುವುದಿಲ್ಲ.