ಅಮ್ಮ ಮತ್ತೆ ಮತ್ತೆ ಅದೇ ರಾತ್ರಿಯ ಕತೆ ಹೇಳುತ್ತಾರೆ, ತಡೆಯಬೇಕೇ?

ಪ್ರಶ್ನೆ: ನನಗೆ 32 ವರ್ಷ. ಬೆಂಗಳೂರಿನ ಮತ್ತಿಕೆರೆಯಲ್ಲಿದ್ದೇವೆ. ಬಿಎಂಟಿಸಿಯಲ್ಲಿ ಡ್ರೈವರ್ ಆಗಿದ್ದ ಅಪ್ಪ ಏಳು ತಿಂಗಳ ಹಿಂದೆ ಹೃದಯಾಘಾತದಿಂದ ತೀರಿಕೊಂಡರು. ಅಮ್ಮ ಮನೆಗೆ ಬಂದವರಿಗೆಲ್ಲ ಆ ರಾತ್ರಿಯದ್ದನ್ನೇ ಹೇಳುತ್ತಾರೆ: ಅಪ್ಪ ಎದೆ ಹಿಡಿದುಕೊಂಡಿದ್ದು, ಆಟೋ ಸಿಗದೆ ಒದ್ದಾಡಿದ್ದು, ಆಸ್ಪತ್ರೆ ಬಾಗಿಲಲ್ಲೇ ಎಲ್ಲ ಮುಗಿದಿದ್ದು. ಅವರು ಶುರು ಮಾಡಿದರೆ ತಮ್ಮ ಎದ್ದು ಹೊರಗೆ ಹೋಗುತ್ತಾನೆ. ಅವನು ಇದುವರೆಗೆ ಅತ್ತೇ ಇಲ್ಲ. ‘ಆಗಿದ್ದು ಆಗಿಹೋಯ್ತು, ಸುಮ್ನೆ ಕೆದಕಬೇಡಿ’ ಅಂತಾರೆ ದೊಡ್ಡಮ್ಮ. ಅಮ್ಮನ ಮಾತನ್ನು ತಡೆಯಬೇಕೇ? ತಮ್ಮನ ಬಾಯಿ ಬಿಡಿಸುವುದು ಹೇಗೆ?

ಉತ್ತರ: ದಯವಿಟ್ಟು ತಡೆಯಬೇಡಿ. ದೊಡ್ಡಮ್ಮನವರ ಕಾಳಜಿ ನಿಜವಾದದ್ದೇ. ಆದರೆ ಮಾತು ನಿಂತ ಮಾತ್ರಕ್ಕೆ ಅಮ್ಮನ ತಲೆಯೊಳಗೆ ಆ ರಾತ್ರಿ ನಿಲ್ಲುವುದಿಲ್ಲ. ಅದನ್ನೇ ಅವರು ಒಬ್ಬರೇ ಕೂತು ನೆನೆಯುತ್ತಾರೆ, ಅಷ್ಟೇ.

ಸಾವು ಹೀಗೆ ಏಕಾಏಕಿ ಬಂದಾಗ ನೆನಪು ಚೂರುಚೂರಾಗಿ ಉಳಿಯುತ್ತದೆ. ಮತ್ತೆ ಮತ್ತೆ ಹೇಳುತ್ತಾ ಮನಸ್ಸು ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸಿಕೊಳ್ಳುತ್ತದೆ, ‘ಯಾಕೆ ಹೀಗಾಯಿತು’ ಎಂದು ಹುಡುಕುತ್ತದೆ. ಈ ಸಲ ಅಮ್ಮ ಹೇಳುವಾಗ ಯಾವ ಜಾಗಕ್ಕೆ ಬಂದು ಧ್ವನಿ ಕಟ್ಟುತ್ತದೆ ಎಂದು ಗಮನಿಸಿ. ಆಟೋ ಸಿಗದ ಹೊತ್ತಿನಲ್ಲಾದರೆ, ‘ಇನ್ನೂ ಬೇಗ ಹೊರಡಿಸಬೇಕಿತ್ತು’ ಎಂಬ ಕೊರಗು ಅಲ್ಲಿ ಅಡಗಿರಬಹುದು. ‘ನಿನ್ನ ತಪ್ಪೇನಿಲ್ಲ ಬಿಡಮ್ಮ’ ಎಂದು ತಕ್ಷಣ ಸಮಾಧಾನ ಹೇಳಲು ಹೋಗಬೇಡಿ. ಅದರಿಂದ ಹೇಳುವವರ ಬಾಯಿ ಕಟ್ಟುತ್ತದೆ. ‘ಆಗ ನಿನಗೆ ಏನನ್ನಿಸ್ತಮ್ಮಾ?’ ಎಂದು ಕೇಳಿ, ಸುಮ್ಮನೆ ಕೂತಿರಿ. ತಪ್ಪಿಲ್ಲ ಎಂಬ ಮಾತು ಆಮೇಲೆ ಬಂದರೆ ನಾಟುತ್ತದೆ. ದಿನಾ ಕೇಳಿ ನೀವೂ ದಣಿಯುತ್ತೀರಿ. ಅಪ್ಪನನ್ನು ಕಳೆದುಕೊಂಡವರು ನೀವೂ ಹೌದಲ್ಲ. ‘ಇವತ್ತು ನನ್ನ ಕೈಲಾಗಲ್ಲಮ್ಮ, ನಾಳೆ ಹೇಳು’ ಅನ್ನುವುದರಲ್ಲಿ ಯಾವ ತಪ್ಪೂ ಇಲ್ಲ.

ನನಗೆ ಹೆಚ್ಚು ಕಾಡಿದ್ದು ಬೇರೆ ಸಂಗತಿ. ಆ ಒಂದು ರಾತ್ರಿ ನಿಮ್ಮ ತಂದೆಯ ಇಡೀ ಬದುಕನ್ನೇ ಮರೆಮಾಡಿಬಿಟ್ಟಿದೆ. ನಿಮ್ಮ ಪತ್ರದಲ್ಲೂ ಅವರು ಹೇಗೆ ಹೋದರು ಎಂಬುದಿದೆ, ಹೇಗಿದ್ದರು ಎಂಬುದಿಲ್ಲ. ಅವರ ಡಿಪೋದ ಗೆಳೆಯರನ್ನು ಒಂದು ಭಾನುವಾರ ಕಾಫಿಗೆ ಕರೆಯಿರಿ. ಮೊದಲ ಶಿಫ್ಟಿನ ನಸುಕು, ಜೊತೆಗಿದ್ದ ಕಂಡಕ್ಟರ್, ಮಳೆ ಬಂದು ರಸ್ತೆ ಮುಳುಗಿದ ದಿನ ಅವರು ಬಸ್ ತಂದ ಬಗೆ, ಇದೆಲ್ಲ ಮನೆಯವರಿಗೆ ಗೊತ್ತಿರುವುದೇ ಇಲ್ಲ. ‘ಅವರು ಹೇಗಿದ್ರು’ ಎಂದರೆ ‘ಒಳ್ಳೆ ಮನುಷ್ಯ’ ಎಂಬಷ್ಟಕ್ಕೇ ಮಾತು ಮುಗಿಯುತ್ತದೆ. ‘ಡ್ಯೂಟಿಯಲ್ಲಿ ಯಾವತ್ತಾದರೂ ರೇಗಿದ್ರಾ?’ ಎಂದು ಕೇಳಿ ನೋಡಿ. ಅವರ ಸಿಟ್ಟು, ಹಠ ಎಲ್ಲವೂ ಬರಲಿ. ಬರೀ ಒಳ್ಳೆಯತನದ ಕತೆಯಲ್ಲಿ ನಿಮ್ಮಪ್ಪ ಸಿಗುವುದಿಲ್ಲ.

ಸತ್ತವರ ನಂಟು ಕಡಿದುಕೊಂಡರೇ ಚೇತರಿಕೆ ಎಂದು ಪಶ್ಚಿಮದ ಮನೋವಿಜ್ಞಾನ ಬಹುಕಾಲ ನಂಬಿತ್ತು. ಶೋಕದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಡೆನಿಸ್ ಕ್ಲಾಸ್ ಮತ್ತು ಸಂಗಡಿಗರು 1996ರಲ್ಲಿ ಅದನ್ನು ಪ್ರಶ್ನಿಸಿ, ಆ ನಂಟು ರೂಪ ಬದಲಿಸಿಕೊಂಡು ಮುಂದುವರಿಯುವುದು ಸಹಜ ಎಂದು ವಾದಿಸಿದರು. ಪಿತೃಪಕ್ಷದಲ್ಲಿ ಹಿರಿಯರಿಗೆ ಇಷ್ಟವಾದದ್ದನ್ನೇ ಮಾಡಿ ಎಡೆ ಇಡುವ ನಮಗೆ ಇದೇನು ಹೊಸತಲ್ಲ. ನಿಮ್ಮಲ್ಲಿ ಆ ಪದ್ಧತಿ ಇದ್ದರೆ, ಅವತ್ತು ಊಟವಾದ ಮೇಲೆ ಎಲ್ಲರೂ ಅಪ್ಪನ ಒಂದೊಂದು ಸಂಗತಿ ಹೇಳಿ. ಹೇಳುತ್ತಾ ನಗು ಬಂದರೆ ನಕ್ಕುಬಿಡಿ.

ಇನ್ನು ತಮ್ಮ. ಬಾಯಿ ಬಿಡಿಸಲು ಹೋಗಬೇಡಿ. ಅಳದಿರುವುದು ಕಾಯಿಲೆಯಲ್ಲ. ಆಘಾತವಾದ ಕೂಡಲೇ ಜನರನ್ನು ಕೂರಿಸಿ ಎಲ್ಲವನ್ನೂ ಹೇಳಿಸುವ ಪದ್ಧತಿಯಿಂದ ಲಾಭವಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು ಅಧ್ಯಯನಗಳು ತೋರಿಸಿವೆ. ನೆದರ್ಲೆಂಡ್ಸ್‌ನ ಮನೋವಿಜ್ಞಾನಿಗಳಾದ ಸ್ಟ್ರೋಬೆ ಮತ್ತು ಶುಟ್ 1999ರಲ್ಲಿ ಮುಂದಿಟ್ಟ ವಿವರಣೆ ನನಗೆ ಸರಿ ಎನಿಸುತ್ತದೆ: ದುಃಖದಲ್ಲಿರುವವರು ಒಮ್ಮೆ ನೋವಿನ ಕಡೆ, ಒಮ್ಮೆ ದಿನದ ಕೆಲಸಗಳ ಕಡೆ ಹೋಗಿಬರುತ್ತಾ ಇರುತ್ತಾರೆ. ಅಮ್ಮ ಈಗ ಒಂದು ಕಡೆ ಹೆಚ್ಚು ನಿಂತಿದ್ದಾರೆ, ತಮ್ಮ ಇನ್ನೊಂದು ಕಡೆ. ಅವನು ಎದ್ದು ಹೋಗುವುದನ್ನು ಅಮ್ಮ ‘ಅಪ್ಪ ಬೇಡವಾದರು’ ಎಂದು ತಿಳಿಯದಂತೆ ನೀವು ನಡುವೆ ಒಂದು ಮಾತು ಹೇಳಿ. ಪಿಂಚಣಿ ಕಾಗದ, ಅಪ್ಪನ ಗಾಡಿಯ ರಿಪೇರಿ ಇಂಥವಕ್ಕೆ ಅವನ ಜೊತೆ ಹೋಗಿ. ಎದುರುಬದುರು ಕೂತಾಗ ಹೊರಡದ ಮಾತು ಕೈಯಲ್ಲಿ ಕೆಲಸವಿದ್ದಾಗ ಹೊರಡುವುದುಂಟು. ಹೊರಡದಿದ್ದರೂ ಸರಿ.

ಏಳು ತಿಂಗಳಾದರೂ ದುಃಖ ಹೋಗಿಲ್ಲ ಎಂಬುದೇ ರೋಗವಲ್ಲ. ಆದರೆ ಆರು ತಿಂಗಳು ಕಳೆದ ಮೇಲೂ ಬಹುತೇಕ ದಿನವಿಡೀ ಅದೇ ತೀವ್ರ ಹಂಬಲ, ಊಟ, ನಿದ್ದೆ, ಮನೆಗೆಲಸ ಯಾವುದೂ ನಡೆಯದ ಸ್ಥಿತಿ ಇದ್ದರೆ ಅದು ‘ದೀರ್ಘಕಾಲದ ಶೋಕ’ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ನಿಮ್ಹಾನ್ಸ್‌ನಲ್ಲಿ ತೋರಿಸಬಹುದು. ಕತೆ ಹೇಳಿದ ಮೇಲೆ ಅಮ್ಮನಿಗೆ ಸ್ವಲ್ಪವೂ ಹಗುರವಾಗದೆ ಪ್ರತಿ ಸಲ ಇನ್ನಷ್ಟು ಕುಸಿಯುತ್ತಿದ್ದರೂ ತೋರಿಸಿ. ಅಮ್ಮನಾಗಲಿ ತಮ್ಮನಾಗಲಿ ‘ನಾನೂ ಹೋಗಿಬಿಡಬೇಕು’ ಎಂದರೆ ಒಬ್ಬರನ್ನೇ ಬಿಡಬೇಡಿ, ತಕ್ಷಣ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ, 14416ಕ್ಕೆ, ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ.