ಮೇಷ್ಟ್ರನ್ನು ಕೇಳಿ: ಬೋರ್ಡ್ ಮೊದಲೋ, ಸಿಇಟಿ ಮೊದಲೋ?

ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲುಪಾಲು ಪ್ರವೇಶ ಪರೀಕ್ಷೆಗಳದ್ದೇ: ಎಂಜಿನಿಯರಿಂಗ್‌ನಂಥ ಕೋರ್ಸ್‌ಗಳಿಗೆ ರಾಜ್ಯದ ಸಿಇಟಿ, ವೈದ್ಯಕೀಯ ಸೀಟಿಗೆ ನೀಟ್. ಹಲವರು ಒಂದೇ ಪ್ರಶ್ನೆ ಕೇಳಿದ್ದರೆ ಒಬ್ಬರ ಪತ್ರವನ್ನಷ್ಟೇ ಆರಿಸಿದ್ದೇನೆ. ‘ಒಂದೇ ತಿಂಗಳಲ್ಲಿ ರ‍್ಯಾಂಕ್ ಬರುವ ಉಪಾಯ ತಿಳಿಸಿ’ ಎಂದು ಬರೆದವರು ಬೇಸರಿಸಬಾರದು. ಅಂಥ ಉಪಾಯ ಗೊತ್ತಿದ್ದರೆ ಮೊದಲು ನನ್ನ ಮಗನಿಗೇ ಹೇಳುತ್ತಿದ್ದೆ.

ನಾನು ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದೇನೆ. ಎಂಜಿನಿಯರಿಂಗ್ ಸೇರುವ ಆಸೆ. ಅಪ್ಪ ‘ಬೋರ್ಡ್ ಪರೀಕ್ಷೆಯಲ್ಲಿ ಪಾಸಾದರೆ ಸಾಕು, ಸಿಇಟಿಗೇ ಓದು’ ಎನ್ನುತ್ತಾರೆ. ಕಾಲೇಜಿನಲ್ಲಿ ಬೋರ್ಡ್‌ಗೆ ಬೇಕಾದ ಪಾಠ ಮಾತ್ರ ನಡೆಯುತ್ತಿದೆ. ಯಾವುದಕ್ಕೆ ಹೆಚ್ಚು ಸಮಯ ಕೊಡಲಿ ಸರ್?
— ದ್ವಿತೀಯ ಪಿಯು ವಿದ್ಯಾರ್ಥಿನಿ, ಹಿರಿಯೂರು

ಅಪ್ಪನ ಮಾತು ನೀಟ್ ಬರೆಯುವವರಿಗೆ ಸ್ವಲ್ಪಮಟ್ಟಿಗೆ ಒಪ್ಪುತ್ತದೆ. ಅಲ್ಲಿ ರ‍್ಯಾಂಕ್ ಬರುವುದು ನೀಟ್ ಅಂಕದಿಂದ ಮಾತ್ರ. ಎಂಜಿನಿಯರಿಂಗ್ ಸಿಇಟಿಯ ಲೆಕ್ಕವೇ ಬೇರೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಲ್ಲಿ ನೀನು ಪಿಯುನಲ್ಲಿ ಪಡೆದ 300 ಅಂಕಗಳಿಗೆ ಅರ್ಧ ತೂಕ, ಅದೇ ಮೂರು ವಿಷಯಗಳ ಸಿಇಟಿಯ 180 ಅಂಕಗಳಿಗೆ ಉಳಿದರ್ಧ. ಕಾಗದ ತೆಗೆದುಕೊಂಡು ಲೆಕ್ಕ ಹಾಕು: ಸಿಇಟಿಯ 3 ಅಂಕ ಪಿಯುವಿನ 5 ಅಂಕಕ್ಕೆ ಸಮ. ಒಬ್ಬಳು ಪಿಯುನಲ್ಲಿ 285, ಸಿಇಟಿಯಲ್ಲಿ 90 ಪಡೆದಳು ಎನ್ನೋಣ. ಅವಳದ್ದು 72.5. ಇನ್ನೊಬ್ಬಳು ಬೋರ್ಡ್ ಅನ್ನು ಕಡೆಗಣಿಸಿ 240 ಪಡೆದಳು, ಸಿಇಟಿಯಲ್ಲಿ 108 ತೆಗೆದಳು. ಅವಳದ್ದು 70. ಸಿಇಟಿಯಲ್ಲಿ 18 ಪ್ರಶ್ನೆ ಮುಂದಿದ್ದವಳು ರ‍್ಯಾಂಕ್ ಪಟ್ಟಿಯಲ್ಲಿ ಹಿಂದೆ ಬಿದ್ದಳು. ಈ ಲೆಕ್ಕವನ್ನು ಅಪ್ಪನಿಗೂ ತೋರಿಸು.

ಹಾಗೆಂದು ಎರಡಕ್ಕೂ ಬೇರೆ ಬೇರೆ ವೇಳಾಪಟ್ಟಿ ಹಾಕಿಕೊಳ್ಳಬೇಡ. ಪುಸ್ತಕ ಒಂದೇ, ಓದುವ ರೀತಿ ಎರಡು. ಭೌತಶಾಸ್ತ್ರದ ಗಾಸ್ ನಿಯಮವನ್ನೇ ತೆಗೆದುಕೋ. ಬೋರ್ಡ್‌ನಲ್ಲಿ ಉದ್ದ ತಂತಿಯ ಸುತ್ತಲಿನ ವಿದ್ಯುತ್ ಕ್ಷೇತ್ರದ ಸೂತ್ರವನ್ನು ಚಿತ್ರ ಬರೆದು ಸಾಧಿಸು ಎಂದು ಕೇಳುತ್ತಾರೆ. ಸಾಧಿಸಿ ಮುಗಿಸಿದ ಮೇಲೆ ಪುಸ್ತಕ ಮುಚ್ಚಬೇಡ. ದೂರ ಇಮ್ಮಡಿಯಾದರೆ ಏನಾಗುತ್ತದೆ ಎಂದು ನಿನ್ನನ್ನೇ ಕೇಳಿಕೋ. ತಂತಿಯಿಂದಾದರೆ ಕ್ಷೇತ್ರ ಅರ್ಧವಾಗುತ್ತದೆ. ಬಿಂದು ವಿದ್ಯುದಂಶದಿಂದಾದರೆ ಕಾಲುಭಾಗ. ಕೊನೆಯಿಲ್ಲದ ಸಮತಲ ಹಾಳೆಯಿಂದಾದರೆ ಬದಲಾವಣೆಯೇ ಇಲ್ಲ. ಟೊಳ್ಳು ಗೋಳದ ಒಳಗೆ ಎಲ್ಲಿ ನಿಂತರೂ ಸೊನ್ನೆ. ಈ ನಾಲ್ಕು ಸಾಲುಗಳನ್ನು ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಟ್ಟರೆ ಬೋರ್ಡ್‌ನ ಐದು ಅಂಕದ ಪ್ರಶ್ನೆಗೆ ಓದಿದ ಹೊತ್ತಿನಲ್ಲೇ ಸಿಇಟಿಯ ಒಂದಂಕದ ಪ್ರಶ್ನೆಗಳೂ ತಯಾರಾದವು. ಇದಕ್ಕೆ ಕೋಚಿಂಗ್ ಬೇಕಿಲ್ಲ, ಪೆನ್ಸಿಲ್ ಸಾಕು.

ಸರ್ಕಾರಿ ಕಾಲೇಜಿನ ಮಕ್ಕಳು ಸಾಮಾನ್ಯವಾಗಿ ಮರೆಯುವುದು ಪ್ರಥಮ ಪಿಯು ಪಾಠಗಳನ್ನು. ಸಿಇಟಿಯಲ್ಲಿ ಎರಡೂ ವರ್ಷದ ಪಠ್ಯದಿಂದ ಪ್ರಶ್ನೆಗಳಿರುತ್ತವೆ. ಹಳೆಯ ಪುಸ್ತಕವನ್ನು ತಮ್ಮನಿಗೋ ಪಕ್ಕದ ಮನೆಯವರಿಗೋ ಕೊಟ್ಟಿದ್ದರೆ ಈ ವಾರವೇ ವಾಪಸು ಕೇಳು.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವಾಗ ಒಂದು ಎಚ್ಚರ ಬೇಕು. ಪಠ್ಯಪುಸ್ತಕ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ಪಠ್ಯವನ್ನು ಕಡಿತ ಮಾಡಿದಾಗ ರಸಾಯನಶಾಸ್ತ್ರದ ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಪಾಲಿಮರ್ಸ್‌ನಂಥ ಅಧ್ಯಾಯಗಳು ಹೋದವು. ಅವುಗಳ ಪ್ರಶ್ನೆಗಳು ಹಳೆಯ ಪತ್ರಿಕೆಗಳಲ್ಲಿ ಹಾಗೇ ಇವೆ. 2024ರ ಸಿಇಟಿಯಲ್ಲಿ ಪ್ರಶ್ನೆ ತೆಗೆದವರೇ ಈ ಗೊಂದಲಕ್ಕೆ ಸಿಕ್ಕಿ, ಪಠ್ಯದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಹೊಸ ಪಠ್ಯಪುಸ್ತಕದ ಪರಿವಿಡಿಯನ್ನು ಪಕ್ಕದಲ್ಲಿಟ್ಟುಕೊಂಡು, ಬಿಟ್ಟುಹೋದ ಅಧ್ಯಾಯಗಳ ಪ್ರಶ್ನೆಗಳ ಮೇಲೆ ಮೊದಲೇ ಗೀಟು ಎಳೆದುಬಿಡು.

ಇನ್ನು ಸಮಯ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೂ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಗೆ 80 ಸೆಕೆಂಡ್ ಸಿಗುತ್ತದೆ, ಆದರೆ ಹಾಗೆ ಸಮವಾಗಿ ಹಂಚುವುದು ದಡ್ಡತನ. ನೆನಪಿನ ಪ್ರಶ್ನೆಗಳನ್ನು ಅರ್ಧ ನಿಮಿಷದೊಳಗೆ ಮುಗಿಸಿದರೆ ಗಣಿತದ ಹೆಜ್ಜೆಗಳಿಗೆ ಹೊತ್ತು ಉಳಿಯುತ್ತದೆ. ಕೆಲವು ಲೆಕ್ಕಗಳನ್ನು ಮಾಡಬೇಕಾಗಿಯೂ ಇಲ್ಲ. 4 ಓಮ್ ಮತ್ತು 12 ಓಮ್ ರೋಧಕಗಳು ಸಮಾಂತರವಾಗಿವೆ, ಒಟ್ಟು ರೋಧ ಎಷ್ಟು ಎಂಬ ಪ್ರಶ್ನೆಗೆ 16, 8, 6, 3 ಎಂಬ ಆಯ್ಕೆಗಳಿದ್ದರೆ ಉತ್ತರ 4ಕ್ಕಿಂತ ಕಡಿಮೆಯೇ ಇರಬೇಕು. 3 ಎಂದು ಗುರುತು ಹಾಕಿ ಮುಂದೆ ಹೋಗು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡ.

ಉತ್ತರದ ವೃತ್ತಗಳನ್ನು ಪೆನ್ನಿನಿಂದ ತುಂಬುವ ಒಎಂಆರ್ ಹಾಳೆಯ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. 23ನೇ ಪ್ರಶ್ನೆ ಕಷ್ಟವೆಂದು ಬಿಟ್ಟು 24ಕ್ಕೆ ಹೋಗುತ್ತೀಯ, ಉತ್ತರ ಸಿಗುತ್ತದೆ, ಕೈ ಮಾತ್ರ ಅಭ್ಯಾಸಬಲದಿಂದ ಹಾಳೆಯ 23ರ ಸಾಲನ್ನೇ ತುಂಬುತ್ತದೆ. ಅಲ್ಲಿಂದ ಮುಂದೆ ಎಲ್ಲ ಉತ್ತರಗಳೂ ಒಂದು ಸಾಲು ಮೇಲೆ. ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸುವಂತಿಲ್ಲ. ತುಂಬುವಾಗ ಪ್ರಶ್ನೆಯ ಸಂಖ್ಯೆಯನ್ನು ಬಾಯೊಳಗೇ ಹೇಳಿಕೋ, ಐದೈದಕ್ಕೊಮ್ಮೆ ಸಂಖ್ಯೆ ತಾಳೆ ನೋಡು. ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಉತ್ತರವನ್ನು ಪ್ರಶ್ನೆಯ ಪಕ್ಕದಲ್ಲಿ ಟಿಕ್ ಮಾಡದೆ, ಒಎಂಆರ್ ಹಾಳೆಯ ಜೆರಾಕ್ಸ್ ಮೇಲೇ ತುಂಬು.

ನೀಟ್‌ಗೆ ಓದುತ್ತಿದ್ದೇನೆ. ದಿನ ಬಿಟ್ಟು ದಿನ ಮಾಕ್ ಟೆಸ್ಟ್ ಬರೆಯುತ್ತೇನೆ. ಮೂರು ತಿಂಗಳಿನಿಂದ ಅಂಕ ಒಂದೇ ಕಡೆ ನಿಂತಿದೆ. ಸಂದೇಹವಿದ್ದರೆ ಊಹಿಸಿ ಬರೆಯಬೇಕೋ, ಬಿಡಬೇಕೋ?
— ವಿದ್ಯಾರ್ಥಿ, ಹಾವೇರಿ

ನಿನ್ನ ಕಾಯಿಲೆ ಪತ್ರದಲ್ಲೇ ಇದೆ: ದಿನ ಬಿಟ್ಟು ದಿನ. ಮೂರು ಗಂಟೆ ಬರೆದ ಪರೀಕ್ಷೆಯನ್ನು ಸರಿಯಾಗಿ ತಿದ್ದಲು ಇನ್ನೂ ನಾಲ್ಕೈದು ಗಂಟೆ ಬೇಕು. ಕೀ ಉತ್ತರ ನೋಡಿ ಒಟ್ಟು ಅಂಕ ಎಣಿಸಿ ‘ಅಯ್ಯೋ’ ಎಂದರೆ ತಿದ್ದಿದಂತಾಗಲಿಲ್ಲ. ಮೂರು ಕಾಲಂ ಹಾಕು. ಒಂದು, ಪಾಠವೇ ಗೊತ್ತಿರಲಿಲ್ಲ; ಎರಡು, ಗೊತ್ತಿತ್ತು, ಆದರೆ ಲೆಕ್ಕದಲ್ಲೋ ಓದುವುದರಲ್ಲೋ ಎಡವಿದೆ; ಮೂರು, ಹೊತ್ತು ಸಾಲಲಿಲ್ಲ. ತಪ್ಪಿದ ಪ್ರತಿ ಪ್ರಶ್ನೆಯೂ ಒಂದು ಕಾಲಂಗೆ ಬೀಳಬೇಕು. ನಿನ್ನಂಥ ಹುಡುಗರ ಹಾಳೆಗಳನ್ನು ನೋಡಿದ ಅನುಭವದಿಂದ ಹೇಳುತ್ತೇನೆ, ಎರಡನೇ ಕಾಲಂ ಉದ್ದವಿರುತ್ತದೆ. ‘ಸರಿಯಲ್ಲದ ಹೇಳಿಕೆ ಯಾವುದು’ ಎಂದು ಕೇಳಿದ್ದಕ್ಕೆ ಸರಿಯಾದದ್ದನ್ನು ಗುರುತಿಸಿರುತ್ತೀರಿ, ಸೆಂಟಿಮೀಟರನ್ನು ಮೀಟರ್‌ಗೆ ತಿರುಗಿಸಿರುವುದಿಲ್ಲ. ಅದಕ್ಕೆ ಇನ್ನೊಂದು ಟೆಸ್ಟ್ ಮದ್ದಲ್ಲ. ವಾರಕ್ಕೊಂದು ಬರೆ, ಎರಡು ದಿನ ತಿದ್ದು.

ಊಹೆಯ ವಿಷಯ. 180 ಪ್ರಶ್ನೆ, ಸರಿಗೆ 4, ತಪ್ಪಿಗೆ ಒಂದು ಕಡಿತ. ಏನೂ ಗೊತ್ತಿಲ್ಲದ 20 ಪ್ರಶ್ನೆಗಳಿಗೆ ಚೀಟಿ ಎತ್ತಿ ಉತ್ತರ ಹಾಕಿದರೆ ಸರಾಸರಿ 5 ಸರಿ, 15 ತಪ್ಪು; ಕೂಡಿ ಕಳೆದರೆ 5 ಅಂಕ ಲಾಭ. ಹಾಗಾದರೆ ಎಲ್ಲವನ್ನೂ ಊಹಿಸಬಹುದಲ್ಲ ಎನ್ನುತ್ತೀಯ. ತೊಂದರೆ ಏನೆಂದರೆ ನೀವು ಯಾರೂ ಚೀಟಿ ಎತ್ತುವುದಿಲ್ಲ. ಎಲ್ಲೋ ಓದಿದ ಹಾಗಿದೆ ಎಂದು ಕಂಡ ಆಯ್ಕೆಗೆ ಕೈ ಹೋಗುತ್ತದೆ, ಪ್ರಶ್ನೆ ತೆಗೆದವರು ಬಲೆ ಹಾಕಿ ಕಾಯುವುದೂ ಅಲ್ಲೇ. ಎರಡು ಆಯ್ಕೆಗಳನ್ನು ಕಾರಣ ಕೊಟ್ಟು ಹೊಡೆದುಹಾಕಲು ಸಾಧ್ಯವಾದರೆ ಉಳಿದ ಎರಡರಲ್ಲಿ ಒಂದನ್ನು ಧೈರ್ಯವಾಗಿ ಹಾಕು. ಸರಾಸರಿ ಒಂದೂವರೆ ಅಂಕ ನಿನ್ನದು. ಕಾರಣ ಹೊಳೆಯದಿದ್ದರೆ ಬಿಡು. ಮುಂದಿನ ಮಾಕ್ ಟೆಸ್ಟ್‌ನಲ್ಲಿ ಊಹಿಸಿದ ಪ್ರಶ್ನೆಗಳಿಗೆಲ್ಲ ಚುಕ್ಕೆ ಇಟ್ಟು, ಆಮೇಲೆ ಆ ಚುಕ್ಕೆಗಳಿಂದ ಎಷ್ಟು ಬಂತು, ಎಷ್ಟು ಹೋಯಿತು ಎಂದು ಬೇರೆಯಾಗಿ ಎಣಿಸು. ನಿನ್ನ ಊಹೆಯನ್ನು ಎಷ್ಟು ನಂಬಬಹುದು ಎಂಬುದನ್ನು ಆ ಲೆಕ್ಕವೇ ಹೇಳುತ್ತದೆ.

ಮೇಷ್ಟ್ರೇ, ಮಗಳಿಗೆ ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಒಂದು ಕೋಚಿಂಗ್ ಕೇಂದ್ರದವರು ‘ಲಾಂಗ್ ಟರ್ಮ್ ಸೇರಿಸಿ, ಮುಂದಿನ ವರ್ಷ ಸೀಟು ಗ್ಯಾರಂಟಿ’ ಎನ್ನುತ್ತಿದ್ದಾರೆ. ಹೊಲ ಅಡವಿಟ್ಟಾದರೂ ಕಳಿಸಬೇಕೆಂದಿದ್ದೇನೆ. ಸರಿಯೇ?
— ಭತ್ತದ ಬೆಳೆಗಾರ, ಸಿಂಧನೂರು

ಗ್ಯಾರಂಟಿ ಎಂದವರಿಗೆ ‘ಸೀಟು ಸಿಗದಿದ್ದರೆ ಫೀಸು ವಾಪಸು ಎಂದು ಬರೆದುಕೊಡಿ’ ಎನ್ನಿ. ಮಾತು ಅಲ್ಲಿಗೇ ನಿಲ್ಲುತ್ತದೆ.

ನಿಮ್ಮ ಪತ್ರ ಎರಡು ಪುಟವಿದೆ. ಮಗಳಿಗೆ ಏನು ಬೇಕು ಎಂಬುದು ಅದರಲ್ಲಿ ಎಲ್ಲೂ ಇಲ್ಲ. ಮೊದಲು ಅವಳನ್ನು ಕೇಳಿ. ಅವಳಿಗೂ ಮನಸ್ಸಿದ್ದರೆ ಅಂಕ ಹೋದದ್ದು ಎಲ್ಲಿ ಎಂದು ಇಬ್ಬರೂ ಕೂತು ನೋಡಿ. 720ರಲ್ಲಿ 360 ಅಂಕ ಜೀವಶಾಸ್ತ್ರದ್ದು. ಅದರಲ್ಲಿ ಚೆನ್ನಾಗಿ ಪಡೆದು ಭೌತಶಾಸ್ತ್ರದಲ್ಲಿ ಮುಗ್ಗರಿಸಿದ್ದರೆ ಒಂದು ವರ್ಷದ ದುಡಿಮೆ ಫಲ ಕೊಟ್ಟೀತು. ಎರಡು ವರ್ಷ ಓದಿದ ಜೀವಶಾಸ್ತ್ರವೇ ಕೈಕೊಟ್ಟಿದ್ದರೆ ಕೋಚಿಂಗ್‌ನವರು ಓದಿಸುವುದೂ ಅದೇ ಪುಸ್ತಕವನ್ನು. ಅದಕ್ಕಾಗಿ ಹೊಲ ಅಡವಿಡಬೇಡಿ. ಇದರಲ್ಲಿ ನಾನು ಖಡಾಖಂಡಿತ.

ಅವಳು ಸಿಇಟಿಯನ್ನೂ ಬರೆದಿದ್ದರೆ ಬಿ.ಎಸ್ಸಿ. ಕೃಷಿ, ಬಿ.ಫಾರ್ಮಾ, ಬಿ.ಎಸ್ಸಿ. ನರ್ಸಿಂಗ್ ದಾರಿಗಳು ತೆರೆದಿರುತ್ತವೆ. ಕೃಷಿ ವಿಶ್ವವಿದ್ಯಾಲಯ ನಿಮ್ಮ ರಾಯಚೂರಿನಲ್ಲೇ ಇದೆ. ಕೃಷಿ ಕೋರ್ಸ್‌ಗಳಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಏನೇ ಆರಿಸಿದರೂ ಕಾಗದಪತ್ರಗಳನ್ನು ಈಗಲೇ ಮಾಡಿಸಿಡಿ. ನಿಮ್ಮದು ಕಲ್ಯಾಣ ಕರ್ನಾಟಕದ ಜಿಲ್ಲೆಯಾದ್ದರಿಂದ ಸಂವಿಧಾನದ 371ಜೆ ವಿಧಿಯಡಿ ಕೊಡುವ ಪ್ರಮಾಣಪತ್ರ ಬೇಕು. ಅದಿದ್ದರೆ ನಿಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ಉಳಿದ ಕಡೆ ಶೇ 8 ಸೀಟುಗಳ ಮೀಸಲಾತಿಗೆ ಅವಳು ಅರ್ಹಳು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಕನ್ನಡ ಮಾಧ್ಯಮ ಕೋಟಾ. ಈ ಎರಡಕ್ಕೂ ಶಾಲೆಯ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಇರಬೇಕು. ಅರ್ಜಿಯಲ್ಲಿ ಕೋಟಾ ಕೇಳದೆ ಬಿಟ್ಟು ಆಮೇಲೆ ಕಚೇರಿ ಕಚೇರಿ ಅಲೆದ ತಂದೆ-ತಾಯಂದಿರನ್ನು ನಾನು ಪ್ರತಿ ವರ್ಷ ನೋಡುತ್ತಿದ್ದೆ.

ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ಲಸ್ ಟು ಮಾಡುತ್ತಿದ್ದೇನೆ. ಕರ್ನಾಟಕದ ಸಿಇಟಿ ಬರೆಯಬಹುದೇ?
— ವಿದ್ಯಾರ್ಥಿ, ಕುಂಬಳೆ

ಬರೆಯಬಹುದು. ಅರ್ಜಿಯಲ್ಲಿ ಗಡಿನಾಡ ಕನ್ನಡಿಗ ಎಂಬ ಕಲಂ ಆರಿಸು. ಗಡಿನಾಡು, ಹೊರನಾಡು ಕನ್ನಡಿಗರಿಗೆ ಕನ್ನಡ ಭಾಷಾ ಪರೀಕ್ಷೆ ಇರುತ್ತದೆ. 50ಕ್ಕೆ ಕನಿಷ್ಠ 12 ಬರಬೇಕು. ಮಟ್ಟ ನಾಲ್ಕನೇ ತರಗತಿಯದ್ದು, ಕುಂಬಳೆಯವನಿಗೆ ಅದೇನು ದೊಡ್ಡದು? ಆದರೆ ಸಸಾರವೆಂದು ತಪ್ಪಿಸಿಕೊಳ್ಳಬೇಡ. ಹಾಜರಾಗದಿದ್ದರೆ ಆ ಅರ್ಹತೆಯೇ ಹೋಗುತ್ತದೆ.

ಪರೀಕ್ಷೆಗೆ ಕೈಗಡಿಯಾರ ಕಟ್ಟಿಕೊಂಡು ಹೋಗಬಹುದೇ? ಯಾವ ಪೆನ್ನು ಒಯ್ಯಲಿ?
— ವಿದ್ಯಾರ್ಥಿನಿ, ಸಾಗರ

ಗಡಿಯಾರಕ್ಕೆ ಅವಕಾಶವಿಲ್ಲ. ಮನೆಯಲ್ಲೂ ಗೋಡೆ ಗಡಿಯಾರ ನೋಡಿಕೊಂಡೇ ಅಭ್ಯಾಸ ಮಾಡು. ಸಿಇಟಿಗೆ ನೀಲಿ ಅಥವಾ ಕಪ್ಪು ಬಾಲ್‌ಪಾಯಿಂಟ್ ಪೆನ್ನು, ಒಂದಲ್ಲ ಎರಡು. ಜೆಲ್ ಪೆನ್ನು ಬೇಡ, ಬೆವರಿದ ಕೈ ತಗುಲಿದರೆ ಹರಡುತ್ತದೆ.